ಸಿಗಾರ್ ಪೆಟ್ಟಿಗೆಯ ಹಿತ್ತಾಳೆ ಬಿಲ್ಲೆ

ಗುರುವಾರ, ಮಧ್ಯಾಹ್ನ ಎರಡೂವರೆ

ಪ್ರೀತಿಯ ಪೆಟ್ಟಿಗೆ ಮೇಸ್ತ್ರಿಗೆ,

ಈ ಅಡ್ಡಹೆಸರು ನಿನಗೀಗ ರುಚಿಸುವುದಿಲ್ಲ ಎಂದು ಗೊತ್ತು. ಆದರೆ ಬೇರೆ ಏನೆಂದು ಕರೆದು ಶುರುಮಾಡಲಿ? ಹೆಸರು ಹಿಡಿದು ಕರೆದರೆ ಜಗಳಕ್ಕೆ ಕರೆದ ಹಾಗಿರುತ್ತದೆ. ಗುಬ್ಬಿ ಈಗಷ್ಟೇ ಮಲಗಿದ್ದಾಳೆ. ಐದು ತಿಂಗಳ ಮಗುವಿನ ಹಗಲು ನಿದ್ದೆ ಎಂದರೆ ಮುಕ್ಕಾಲು ಗಂಟೆ, ಅಷ್ಟರಲ್ಲಿ ಬರೆದು ಮುಗಿಸಬೇಕು. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಮಾಡಿದರೆ ನೀನು "ಹೂಂ" ಅನ್ನುತ್ತೀಯ, ನಾನು "ಸರಿ" ಅನ್ನುತ್ತೇನೆ, ಇಬ್ಬರೂ ಇಟ್ಟುಬಿಡುತ್ತೇವೆ. ನೀನು ನಿನ್ನ ಅಕ್ಕನ ಮನೆ ಸೇರಿದ ಹನ್ನೆರಡು ದಿನದಿಂದಲೂ ಅದೇ ನಡೆದಿದೆ.

ನಿನ್ನೆ ಅಕ್ಕನೇ ಫೋನ್ ಮಾಡಿದ್ದರು. ಭಾನುವಾರ ನಿನ್ನ ಗೆಳೆಯ ರೇಡಿಯೋ ರಿಪೇರಿಯವನು ಬಂದು ಗರಗಸ, ಅರಗಳು, ಬೆಸುಗೆ ಕಡ್ಡಿ, ತಂತಿಯ ಸುರುಳಿಗಳು, ಮಂಚದಡಿಯ ಖಾಲಿ ಸಿಗಾರ್ ಪೆಟ್ಟಿಗೆಗಳು, ಅಂಥದ್ದೇ ಒಂದು ಪೆಟ್ಟಿಗೆಯಿಂದ ನೀನು ಮಾಡಿ ಮುಗಿಸಿದ ಗಿಟಾರು, ಎಲ್ಲವನ್ನೂ ಗಾಡಿಗೆ ಹೇರಿಕೊಂಡು ಹೋಗುತ್ತಾನಂತೆ. "ಇವನಿಗೂ ಬುದ್ಧಿ ಬಂತು ಬಿಡು. ಮಗು ಇರೋ ಮನೇಲಿ ಆ ಕಸ ಎಲ್ಲ ಯಾಕೆ ಬೇಕಿತ್ತು?" ಎಂದರು. ಅವರು ಖುಷಿಯಾಗಿಯೇ ಹೇಳಿದರು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೆ.

ಕೊಡಬೇಡ. ಹಾಗನ್ನಲು ನನಗೆ ಮುಖವಿಲ್ಲ, ಆದರೂ ಕೊಡಬೇಡ. ಕಾರಣ ಓದು, ಆಮೇಲೆ ಎಷ್ಟು ಬೇಕಾದರೂ ಕೋಪ ಮಾಡಿಕೋ.

ಗ್ರಂಥಾಲಯದ ಸಭಾಂಗಣದಲ್ಲಿ ಅವತ್ತು ನಿನ್ನ ಗಿಟಾರು ಮೂಕಾಗಿದ್ದು ನಿನ್ನ ಬೆಸುಗೆ ಕೆಟ್ಟಿದ್ದರಿಂದ ಅಲ್ಲ. ಅದರೊಳಗೆ ಬಿಲ್ಲೆಯೇ ಇರಲಿಲ್ಲ. ನಾನು ತೆಗೆದಿದ್ದೆ.

ಹೌದು, ಅದೇ ಹಿತ್ತಾಳೆ ಬಿಲ್ಲೆ. ನಾಣ್ಯದಷ್ಟು ಅಗಲ, ಉಗುರಿನಷ್ಟು ತೆಳು. ಮುಚ್ಚಳದ ಒಳಮೈಗೆ ಅಂಟಿಕೊಂಡು ಮರದ ನಡುಕವನ್ನೆಲ್ಲ ಹಿಡಿದು ಆಂಪ್ಲಿಫೈಯರಿಗೆ ದಾಟಿಸುತ್ತದಲ್ಲ, ಅದು. ಮುಚ್ಚಳಕ್ಕೆ ನೀನು ಅಂಟು ಬಳಿದು ಕೂರಿಸಿ, "ಇದು ಇನ್ನು ಬಿಚ್ಚೋ ಪೆಟ್ಟಿಗೆ ಅಲ್ಲ" ಎಂದು ಮೀಸೆ ತಿರುವಿದ್ದೆ. ಆದರೆ ದನಿ ಹೊರಬರಲಿ ಎಂದು ನೀನು ಕೊರೆದ ತೂತಿನಲ್ಲಿ ನಿನ್ನ ಬೆರಳು ತೂರದಿದ್ದರೂ ನನ್ನ ಎರಡು ಬೆರಳು ತೂರುತ್ತವೆ. ಹುಬ್ಬು ಕೀಳುವ ಚಿಮುಟ, ಉಗುರು ಕತ್ತರಿ, ಅಷ್ಟೇ ಸಾಕಾಯಿತು. ಹೊರಗಿನಿಂದ ನೋಡಿದರೆ ವೈರು ಸಿಕ್ಕಿಸುವ ಜಾಗ ಇದ್ದಂತೆಯೇ ಇತ್ತು.

ಯಾಕೆ ಎನ್ನುತ್ತೀಯ. ಬಿಲ್ಲೆ ಅಂಟಿಸುವಾಗ ನೀನೇ ಹೇಳಿದ್ದೆ, "ಹಲಗೆ ಮೇಲೆ ಇರುವೆ ನಡೆದ್ರೂ ಇದಕ್ಕೆ ಕೇಳಿಸುತ್ತೆ ಕಣೇ" ಎಂದು. ನೀನು ಹರಟೆಗೆ ಹೇಳಿದ ಮಾತು ನನ್ನ ತಲೆಯಲ್ಲಿ ಗೂಟ ಹೊಡೆದುಕೊಂಡು ಕೂತಿತು. ಗುಬ್ಬಿ ಹುಟ್ಟಿದಾಗಿನಿಂದ ಅವಳು ಮಲಗಿದರೆ ನನಗೆ ಎದೆ ಹೊಡೆದುಕೊಳ್ಳುತ್ತದೆ. ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಮೂಗಿನ ಹತ್ತಿರ ಕನ್ನಡಿ ಹಿಡಿಯುತ್ತಿದ್ದೆ. ಅದನ್ನು ಅಕ್ಕ ಒಮ್ಮೆ ಕಂಡು, "ನಾವೇನು ಮಕ್ಕಳನ್ನ ಹೆತ್ತಿಲ್ವಾ? ಕನ್ನಡಿ ಹಿಡ್ಕೊಂಡು ಕೂತಿದ್ವಾ? ಓದಿದ್ದು ಜಾಸ್ತಿ ಆಯ್ತು ನಿಂಗೆ" ಎಂದರು. ನೀನೂ ನಕ್ಕೆ. ಅವತ್ತಿನಿಂದ ಕನ್ನಡಿ ಬಿಟ್ಟೆ, ಹೇಳುವುದನ್ನೂ ಬಿಟ್ಟೆ.

ನಮ್ಮ ಮಂಚಕ್ಕೆ ಸೇರಿಸಿ ಬೋಲ್ಟು ಬಿಗಿದು ಗುಬ್ಬಿಗೊಂದು ಹಲಗೆ ಮಂಚ ಮಾಡಿಕೊಟ್ಟಿದ್ದೆಯಲ್ಲ, ಅದರ ಅಡಿಗೆ ಬಿಲ್ಲೆ ಅಂಟಿಸಿದೆ. ನೀನು ತಿಂಗಳುಗಟ್ಟಲೆ ಮುಟ್ಟದಿದ್ದ ಪುಟ್ಟ ಡಬ್ಬಿ ಆಂಪ್ಲಿಫೈಯರಿಗೆ ವೈರು ಕೊಟ್ಟು ಹೆಡ್‌ಫೋನ್ ಹಾಕಿಕೊಂಡೆ. ನಾನು ಹಾಡು ಕೇಳುತ್ತಿದ್ದೇನೆ ಎಂದುಕೊಂಡು ನೀನು ಸಮಾಧಾನಪಟ್ಟೆ. ನಾನು ಕೇಳುತ್ತಿದ್ದದ್ದು ಗುಬ್ಬಿಯ ಉಸಿರು. ನಿಜವಾಗಿಯೂ ಕೇಳಿಸುತ್ತಿತ್ತು! ಮೊದಲ ದಿನ ಎಷ್ಟು ಹಗುರಾದೆ ಎಂದರೆ, ಗೋಡೆಗೊರಗಿ ಕೂತಲ್ಲಿಯೇ ಅತ್ತುಬಿಟ್ಟೆ.

ಎರಡನೆಯ ದಿನ ಅವಳ ಮಂಚದಂಚಿಗೇ ಒರಗಿ ಕೂತಾಗ ಉಸಿರಿನ ಅಡಿಯಲ್ಲಿ ಎದೆಬಡಿತವೂ ಕೇಳಿಸಿತು. ಅದು ಎಡವುತ್ತಿತ್ತು. ನಾಲ್ಕು ಸರಿಯಾಗಿ ಬಡಿದು ಐದನೆಯದನ್ನು ನುಂಗುತ್ತಿತ್ತು, ಆಮೇಲೆ ಎರಡನ್ನು ಒಟ್ಟಿಗೇ ಉಗುಳುತ್ತಿತ್ತು. ಅವತ್ತಿನಿಂದ ನನಗೆ ನಿದ್ದೆ ಎಂಬುದೇ ಇಲ್ಲವಾಯಿತು. ಕ್ಯಾಲೆಂಡರಿನ ಹಿಂದೆ ಗೀಟು ಹಾಕಿ ಹಾಕಿ ಎಣಿಸುತ್ತಿದ್ದೆ. ನಿನಗೆ ಹೇಳಲಿಲ್ಲ. ಹೇಳಿದರೆ ನಗುತ್ತೀಯ ಎಂಬ ಭಯ ಒಂದು ಕಡೆ. ನಗದೇ ಹೋದರೆ ಅದು ನಿಜವಾಗಿಬಿಡುತ್ತದೆ ಎಂಬ ಭಯ ಇನ್ನೊಂದು ಕಡೆ.

ನಿನ್ನ ಗ್ರಂಥಾಲಯದ ಕಾರ್ಯಕ್ರಮದ ದಿನ ಬೆಳಿಗ್ಗೆಯೇ ಬಿಲ್ಲೆಯನ್ನು ವಾಪಸ್ ಅಂಟಿಸಬೇಕು ಎಂದು ಲೆಕ್ಕ ಹಾಕಿದ್ದೆ. ಮಗು ಬೆಚ್ಚುತ್ತದೆ ಎಂದು ಮನೆಯಲ್ಲಿ ಆಂಪ್ಲಿಫೈಯರ್ ಹಾಕಲು ನಾನೇ ನಿನ್ನನ್ನು ಬಿಡುತ್ತಿರಲಿಲ್ಲವಲ್ಲ, ಹಾಗಾಗಿ ಅಲ್ಲಿಯವರೆಗೆ ನಿನಗೆ ಗೊತ್ತಾಗುವ ಸಂಭವವಿರಲಿಲ್ಲ. ಆದರೆ ಆ ದಿನವೇ, ವಾರಗಳ ಮೇಲೆ ಮೊದಲ ಸಲ, ನನಗೆ ನಿದ್ದೆ ಹತ್ತಿತು. ನೀನು ಎಬ್ಬಿಸಲಿಲ್ಲ. ನನಗೂ ಗುಬ್ಬಿಗೂ ಹೊದಿಸಿ, ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಸದ್ದಿಲ್ಲದೆ ಪೆಟ್ಟಿಗೆ ಎತ್ತಿಕೊಂಡು ಹೋದೆಯಂತೆ. ಎದ್ದಾಗ ಸಂಜೆ. ಬಿಲ್ಲೆ ಹಲಗೆಯಡಿಯಲ್ಲೇ ಇತ್ತು.

ಅಲ್ಲಿ ನಡೆದದ್ದನ್ನು ನೀನೇ ಬಂದು ಹೇಳಿದೆ. ನಾಲ್ಕು ತಿಂಗಳು ಉಜ್ಜಿದ ಮೂರು ತಂತಿಯ ಗಿಟಾರು, ಐವತ್ತು ಜನ, ನೀನು ಮೀಟಿದರೆ ಮುಂದಿನ ಸಾಲಿಗೂ ಕೇಳಿಸಲಿಲ್ಲ. ಕೇಳಲು ಬಂದಿದ್ದ ನಮ್ಮ ಬೀದಿಯ ಟೈಲರ್ ಎದ್ದು ನಿಂತು, "ಮೇಸ್ತ್ರಿ, ಒಳಗೆ ಇನ್ನೂ ಸಿಗಾರು ಇದೆಯೇನೋ, ತೆಗೆದು ನೋಡ್ರಿ" ಎಂದನಂತೆ. ಬೆಸುಗೆ ಬಿಟ್ಟಿರಬೇಕು ಎಂದು ನೀನು ಅಂದರೆ, "ಕುಣಿಯೋಕೆ ಬಾರದವನಿಗೆ ನೆಲ ಡೊಂಕು" ಎಂದು ಇನ್ಯಾರೋ ಅಂದರಂತೆ. ಹೇಳುತ್ತಾ ಹೇಳುತ್ತಾ ನೀನು ನಿನ್ನ ಕೈಗಳನ್ನೇ ನೋಡಿಕೊಂಡೆ. ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಬಿಟ್ಟೆ, ಆದರೆ ಏನೆಂದು? "ಒಳ್ಳೇದೇ ಆಯ್ತು, ಇನ್ನಾದ್ರೂ ಮನೆ ಕಡೆ ಗಮನ ಇರ್ಲಿ" ಎಂದೆ. ಕದ್ದವಳೇ ಕಳಕೊಂಡವನಿಗೆ ಬುದ್ಧಿ ಹೇಳಿದ ಹಾಗೆ. ನೀನು ಎರಡು ಅಂಗಿ ಮಡಚಿ ಬ್ಯಾಗಿಗೆ ಹಾಕಿಕೊಂಡೆ.

ಕಳ್ಳನಿಗೊಂದು ಪಿಳ್ಳೆ ನೆವ ಎಂದುಕೋ, ಆದರೆ ನಡೆದದ್ದು ಇಷ್ಟು. ನಿನ್ನ ಕೈಯಲ್ಲಿ ದೋಷವಿಲ್ಲ. ನೀನು ಬರುವುದು ಬಿಡುವುದು ನಿನ್ನಿಷ್ಟ. ಆದರೆ ಕೈ ಕೆಟ್ಟಿದೆ ಎಂದುಕೊಂಡು ಸಾಮಾನು ಕೊಟ್ಟುಬಿಡಬೇಡ. ರೇಡಿಯೋದವನಿಗೆ ಇವತ್ತೇ ಫೋನ್ ಮಾಡಿ ಬರಬೇಡ ಎಂದು ಹೇಳು.

ಸೋಮವಾರ ಗುಬ್ಬಿಯನ್ನು ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಹೆದರಬೇಡ. ಅವಳ ಎದೆಬಡಿತ ಗಡಿಯಾರಕ್ಕಿಂತ ಚೆನ್ನಾಗಿದೆಯಂತೆ, ತೂಕವೂ ಏರಿದೆಯಂತೆ. ಡಾಕ್ಟರ ಕನ್ನಡಕ ಕಿತ್ತು ಬಾಯಿಗೆ ಹಾಕಿಕೊಳ್ಳಲು ನೋಡಿದಳು. ನಾನೂ ಚೆನ್ನಾಗಿದ್ದೇನೆ. ಸ್ವಲ್ಪ ಸುಸ್ತು, ಅಷ್ಟೇ.

ಬಿಲ್ಲೆಯನ್ನು ಮತ್ತೆ ಅದರ ಜಾಗಕ್ಕೆ ಅಂಟಿಸಿದ್ದೇನೆ. ಬೆಸೆಯಲು ಬರುವುದಿಲ್ಲ, ವೈರು ಹೊಸೆದು ಟೇಪು ಸುತ್ತಿದ್ದೇನೆ. ಒಂದು ಪಕ್ಕಕ್ಕೆ ಸರಿದಿರಬೇಕು, ದಪ್ಪ ತಂತಿ ಮಾತ್ರ ಜೋರಾಗಿ ಕಿರುಚುತ್ತದೆ. ಮೀಟಿದಾಗ ಗುಬ್ಬಿ ಬೆಚ್ಚಿದಳು, ಆಮೇಲೆ ಇನ್ನೊಂದು ಸಲ ಮೀಟು ಎನ್ನುವ ಹಾಗೆ ಕಾಲು ಬಡಿದಳು.

ಎದ್ದಳು. ನಿಲ್ಲಿಸುತ್ತೇನೆ.

ಇಂತಿ,
ನಿನ್ನ ನಿದ್ದೆಗೇಡಿ ಕಳ್ಳಿ

ಮ.ವಿ.: ಬರೆಯಲು ಮರೆತೆ ಎಂದುಕೊಳ್ಳಬೇಡ, ಬೇಕೆಂದೇ ಬಿಟ್ಟಿದ್ದೆ. ಗುಬ್ಬಿಯ ಎದೆಯಲ್ಲಿ ಏನೂ ಇಲ್ಲ ಎಂದಾಗ ನಾನು ಒಪ್ಪಲಿಲ್ಲ. "ನಾನು ಮೂರು ವಾರದಿಂದ ಕೇಳ್ತಿದೀನಿ ಡಾಕ್ಟ್ರೇ" ಎಂದು ಬ್ಯಾಗಿನಿಂದ ಬಿಲ್ಲೆಯನ್ನೂ ಡಬ್ಬಿಯನ್ನೂ ತೆಗೆದೆ. ಅವರು ಒಳ್ಳೆಯವರು, ನಗಲಿಲ್ಲ. ಗುಬ್ಬಿ ಮಲಗಿದ್ದ ಮರದ ಮೇಜಿನ ಅಡಿಗೆ ಅಂಟಿಸಲು ಬಿಟ್ಟರು. ಮನೆಯಲ್ಲಿ ಒರಗುವ ಹಾಗೆಯೇ ಮೇಜಿನಂಚಿಗೆ ಎದೆಯೊತ್ತಿ ನಾನು ಅವಳ ಮೇಲೆ ಬಾಗಿ ನಿಂತೆ. ಡಾಕ್ಟರು ಹೆಡ್‌ಫೋನ್ ಹಾಕಿಕೊಂಡು, ಹೌದು, ಎಡವುತ್ತಿದೆ ಎಂದರು. ಅಷ್ಟರಲ್ಲಿ ಸಿಸ್ಟರ್ ತೂಕ ನೋಡಲು ಗುಬ್ಬಿಯನ್ನು ಎತ್ತಿಕೊಂಡು ಹೋದರು. ಡಾಕ್ಟರು ಹೆಡ್‌ಫೋನ್ ತೆಗೆಯಲಿಲ್ಲ. ಖಾಲಿ ಮೇಜನ್ನು ನೋಡಿದರು, ನನ್ನನ್ನು ನೋಡಿದರು. "ಸ್ವಲ್ಪ ಹಿಂದೆ ಸರೀರಮ್ಮ" ಎಂದರು. ಸರಿದೆ. ಹೆಡ್‌ಫೋನಿನಲ್ಲಿ ಬಡಿತ ನಿಂತಿತು ಎಂದರು.

ರಕ್ತ ತೆಗೆದುಕೊಂಡಿದ್ದಾರೆ. ನನ್ನನ್ನು ನೋಡಬೇಕಾದ ಹೃದಯದ ಡಾಕ್ಟರಿಗೆ ಚೀಟಿ ಕೊಟ್ಟಿದ್ದಾರೆ, ಶನಿವಾರ ಹೋಗಬೇಕು. ಅಲ್ಲಿಯವರೆಗೆ ಮಗುವಿನ ಜೊತೆ ಒಬ್ಬಳೇ ಇರಬಾರದಂತೆ. "ಮನೇಲಿ ನಿಮ್ ಜೊತೆ ಯಾರಿದ್ದಾರೆ?" ಎಂದು ಸಿಸ್ಟರ್ ಪೆನ್ನು ಹಿಡಿದು ಕೇಳಿದರು. ನಿನ್ನನ್ನು ಯಾವತ್ತೂ ಹಾಗೆ ಕರೆದವಳಲ್ಲ, ಆದರೆ ಬಾಯಿಗೆ ಅದೇ ಬಂತು. "ನಮ್ಮೆಜಮಾನ್ರು ಇದ್ದಾರೆ" ಎಂದೆ. ಅವರು ಬರೆದುಕೊಂಡರು.