ಅರ್ಧ ಮೀಟರ್ ಕಡಿಮೆ

ಸೆಕ್ಟರ್ ಏಳು, ರೋಹಿಣಿ, ದೆಹಲಿ
ಭಾನುವಾರ, ೨೧ ಆಗಸ್ಟ್ ೨೦೦೫

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ದೊಡ್ಡಮ್ಮ ಕೋಲು ಹಿಡಿದು ಹಜಾರದವರೆಗೆ ಬರುತ್ತಾರೆ ಎಂದು ಹೋದ ವಾರ ಫೋನಿನಲ್ಲಿ ನೀನು ಹೇಳಿದೆ. ಕೇಳಿ ಸಮಾಧಾನವಾಯಿತು. ಸೊಂಟದ ಮೂಳೆ ಮುರಿದವರನ್ನು ಎಬ್ಬಿಸಿ ಕೂರಿಸುವುದು ಒಬ್ಬರ ಕೆಲಸವಲ್ಲ, ಪಕ್ಕದ ಮನೆಯವರನ್ನು ಕರೆಯಲು ಸಂಕೋಚಪಡಬೇಡ. ಇಲ್ಲಿ ಅಪ್ಪನೂ ನಾನೂ ಆರೋಗ್ಯವಾಗಿದ್ದೇವೆ. ಮಳೆ ಬಂದು ಹೋದರೂ ಸೆಕೆ ಹೋಗಿಲ್ಲ, ಕೂಲರ್ ಹಾಕಿದರೆ ಮೈಯೆಲ್ಲ ಜಿಗುಟು. ಅಪ್ಪ ನಿವೃತ್ತರಾಗಿ ಎರಡು ವರ್ಷವಾದರೂ ಒಂಬತ್ತು ಗಂಟೆಗೆ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಪೇಪರು ಹಿಡಿದು ಕೂರುವುದನ್ನು ಬಿಟ್ಟಿಲ್ಲ. ತರಕಾರಿ ಭಯ್ಯಾನ ಹತ್ತಿರ ನಿನ್ನ ಹಾಗೆ ಚೌಕಾಶಿ ಮಾಡಲು ಹೋಗಿ ಮೊನ್ನೆ ಎರಡು ಕಿಲೋ ಹಾಗಲಕಾಯಿ ತಂದರು. ಇಬ್ಬರೂ ಮೂರು ದಿನ ಅದನ್ನೇ ತಿಂದೆವು.

ಫೋನು ಬಿಟ್ಟು ಕಾಗದ ಯಾಕೆ ಬರೆಯುತ್ತಿದ್ದಾಳೆ ಎಂದುಕೊಳ್ಳುತ್ತೀಯ. ಫೋನು ದೊಡ್ಡಮ್ಮನ ಮಂಚದ ಪಕ್ಕದಲ್ಲಿದೆ. ನಾನು ಹೇಳುವ ಮಾತು ಅವರ ಕಿವಿಗೆ ಬಿದ್ದರೆ ಐದು ನಿಮಿಷದಲ್ಲಿ ಅನಂತಮಾವನಿಗೆ ತಲುಪುತ್ತದೆ. ಮಾವ ನಿಮ್ಮಿಬ್ಬರಿಗೂ ತಮ್ಮನಾದರೂ ನನಗೆ ಕಂಪನಿಯ ಮಾಲೀಕರೂ ಹೌದಲ್ಲ. ಆಗಿರುವುದು ಅವರ ಕಂಪನಿಯ ವಿಷಯ. ಅವರ ಬಾಯಿಂದ ನಿನಗೆ ತಿಳಿಯುವ ಮೊದಲು ನನ್ನಿಂದಲೇ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ. ಮೊದಲು ನೀನೊಬ್ಬಳೇ ಓದಿಕೋ. ಆಮೇಲೆ ದೊಡ್ಡಮ್ಮನಿಗೆ ಹೇಳುವುದು ಬಿಡುವುದು ನಿನ್ನ ಇಷ್ಟ.

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ 'ಕಾರ್ಖಾನೆ ನೀರಿನ ಹುಳಿ ನೋಡೋದು' ಎನ್ನುತ್ತೀಯಲ್ಲ, ಅದು ಸರಿಯಾದ ಮಾತೇ. ಮಾನೇಸರದಲ್ಲಿ ಸ್ಕೂಟರಿನ ಬಿಡಿಭಾಗಗಳಿಗೆ ಹೊಳಪಿನ ಲೇಪ ಕೊಡುವ ಒಂದು ಕಾರ್ಖಾನೆ ಇದೆ. ಭಾಗಗಳನ್ನು ಆಸಿಡ್ಡಿನಲ್ಲಿ ಅದ್ದಿ ತೊಳೆದ ನೀರೆಲ್ಲ ಹಿಂದುಗಡೆಯ ದೊಡ್ಡ ತೊಟ್ಟಿಗೆ ಬರುತ್ತದೆ. ಆ ಹುಳಿ ನೀರನ್ನು ಹಾಗೇ ಹೊರಗೆ ಬಿಡುವಂತಿಲ್ಲ. ಒಂದು ಪಂಪು ಅದಕ್ಕೆ ಸ್ವಲ್ಪ ಸ್ವಲ್ಪವಾಗಿ ಹುಳಿ ಮುರಿಯುವ ಕಾಸ್ಟಿಕ್ ಸೋಡಾ ಸೇರಿಸುತ್ತದೆ. ಎಷ್ಟು ಸೇರಿಸಬೇಕು, ಯಾವಾಗ ನಿಲ್ಲಿಸಬೇಕು ಎಂದು ಪಂಪಿಗೆ ಹೇಳುವುದು ನಾವು ಹಾಕುವ ಪಿಎಚ್ ಪ್ರೋಬು. ಪೆನ್ನಿನಷ್ಟು ದಪ್ಪದ ಕಡ್ಡಿ, ತುದಿಯಲ್ಲಿ ಕಡಲೆಕಾಳಿನಷ್ಟು ತೆಳು ಗಾಜಿನ ಬುರುಡೆ. ಅದನ್ನು ಒಂದು ಪ್ಲಾಸ್ಟಿಕ್ ಕೊಳವೆಯಲ್ಲಿ ಕೂರಿಸಿ ತೊಟ್ಟಿಯೊಳಗೆ ಇಳಿಬಿಡುತ್ತೇವೆ. ಮೀಟರಿನಲ್ಲಿ ಏಳು ಎಂದು ತೋರಿಸಿದರೆ ನೀರು ಸಮ. ಅದಕ್ಕಿಂತ ಕೆಳಗಿದ್ದರೆ ಹುಳಿ, ಮೇಲಿದ್ದರೆ ಸೌಳು. ಗಾಜಿನ ಬುರುಡೆ ಯಾವಾಗಲೂ ನೀರಿನಲ್ಲಿ ಮುಳುಗಿರಬೇಕು. ಒಣಗಿದರೆ ಅದು ಹೇಳುವುದೆಲ್ಲ ಸುಳ್ಳು.

ಇದು ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಕಲಿತ ಪಾಠ. ಆರು ವರ್ಷದಲ್ಲಿ ನೂರು ಜನಕ್ಕೆ ನಾನೇ ಹೇಳಿಕೊಟ್ಟಿದ್ದೇನೆ.

ನೀನು ತುಮಕೂರಿಗೆ ಹೊರಟ ಮಂಗಳವಾರ ನಾನು ಆ ಕಾರ್ಖಾನೆಯಲ್ಲಿ ಹೊಸ ಪ್ರೋಬು ಹಾಕುತ್ತಿದ್ದೆ. ತೊಟ್ಟಿಯ ಆಳಕ್ಕೆ ಒಂದೂವರೆ ಮೀಟರಿನ ಕೊಳವೆ ಬೇಕಾಗಿತ್ತು. ವ್ಯಾನಿನಲ್ಲಿ ಇದ್ದದ್ದು ಒಂದು ಮೀಟರಿನದು. ಅವತ್ತು ತೊಟ್ಟಿ ತುಂಬಿತ್ತು, ಬುರುಡೆ ನೀರಿನೊಳಗೆ ಒಂದು ಗೇಣು ಮುಳುಗಿತು. ಮೀಟರು ಸರಿಯಾಗಿ ತೋರಿಸಿತು. ನಾಳೆ ಉದ್ದದ್ದು ತಂದು ಬದಲಾಯಿಸೋಣ ಎಂದು ಚಿಕ್ಕದನ್ನೇ ಬಿಗಿದು, ನಿನ್ನ ರೈಲಿಗೆ ತಡವಾಗುತ್ತದೆಂದು ಹೊರಟುಬಿಟ್ಟೆ. ಧೌಲಾ ಕುವಾದ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಸಿಕ್ಕಿಹಾಕಿಕೊಂಡು, ಪ್ಲಾಟ್‌ಫಾರಮ್ಮಿನಲ್ಲಿ ಓಡಿ ಬಂದು ನಿನ್ನ ಕೈಗೆ ನೀರಿನ ಬಾಟಲಿ ಕೊಟ್ಟದ್ದು ನೆನಪಿರಬಹುದು. ಇದನ್ನು ಓದಿ ನಿನ್ನಿಂದ ಹೀಗಾಯಿತು ಎಂದುಕೊಳ್ಳಬೇಡ. ಮಾರನೆಯ ದಿನ ಘಾಜಿಯಾಬಾದಿಗೆ ಕಳಿಸಿದರು, ಅದರ ಮಾರನೆಯ ದಿನ ಇನ್ನೆಲ್ಲಿಗೋ. ಉದ್ದದ ಕೊಳವೆ ಎಂದು ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದೆ, ಆ ಪುಟವನ್ನು ಮತ್ತೆ ತಿರುವಲಿಲ್ಲ. ನಾಲ್ಕು ವಾರ ಕಳೆಯಿತು. ನಾಲ್ಕು ವಾರವನ್ನು ನಿನ್ನ ರೈಲಿನ ಮೇಲೆ ಹಾಕುವುದಕ್ಕೆ ಆಗುವುದಿಲ್ಲ.

ಆ ತೊಟ್ಟಿಯನ್ನು ನೋಡಿಕೊಳ್ಳುವವನ ಹೆಸರು ಓಂಬೀರ್. ಮೂವತ್ತೈದು ವರ್ಷವಿರಬಹುದು, ರೇವಾಡಿ ಕಡೆಯವನು, ಗುತ್ತಿಗೆಯ ನೌಕರ. ನಾನು ಬರುವ ಮುಂಚೆ ಗಂಟೆಗೊಂದು ಸಲ ಪಿಎಚ್ ಕಾಗದದ ಚೂರನ್ನು ನೀರಿನಲ್ಲಿ ಅದ್ದಿ, ಅದರ ಬಣ್ಣ ನೋಡಿ ಪಂಪು ನಡೆಸುತ್ತಿದ್ದ. ಕಾಗದ ಕೆಂಪಾದರೆ ಹುಳಿ, ಕಡುನೀಲಿಯಾದರೆ ಸೌಳು. ಪ್ರೋಬು ಹಾಕಿದ ದಿನ, ಇನ್ನು ಕಾಗದದ ಗೊಡವೆ ಬೇಡ, ಮೀಟರು ನೋಡಿದರೆ ಸಾಕು ಎಂದು ನಾನೇ ಅವನಿಗೆ ಹೇಳಿದ್ದೆ. ಸ್ವಲ್ಪ ಜಂಬದಿಂದಲೇ ಹೇಳಿದ್ದೆ.

ಜುಲೈ ಕೊನೆಯ ಭಾನುವಾರ ಕಾರ್ಖಾನೆಯವರು ತೊಟ್ಟಿಯನ್ನು ಅರ್ಧ ಖಾಲಿ ಮಾಡಿ ತೊಳೆದರು. ಸೋಮವಾರ ಬೆಳಿಗ್ಗೆ ಕೆಲಸ ಶುರುವಾದಾಗ ನೀರು ಕೆಳಗೇ ಇತ್ತು. ನನ್ನ ಗಿಡ್ಡ ಕೊಳವೆಯ ತುದಿ ಗಾಳಿಯಲ್ಲಿ ತೂಗುತ್ತಿತ್ತು, ಗಾಜು ಹಿಂದಿನ ದಿನದಿಂದಲೇ ಒಣಗಿತ್ತು. ಮೀಟರು ನಾಲ್ಕು ಎಂದೇ ತೋರಿಸುತ್ತ ನಿಂತಿತು. ಅಂದರೆ ಇನ್ನೂ ಹುಳಿ. ಪಂಪು ಕಾಸ್ಟಿಕ್ ಸುರಿಯುತ್ತಲೇ ಹೋಯಿತು. ಓಂಬೀರನಿಗೆ ಏನೋ ಅನುಮಾನ ಬಂದು ಹಳೆಯ ಅಭ್ಯಾಸದಿಂದ ಕಾಗದ ಅದ್ದಿದ. ಕಡುನೀಲಿಯಾಯಿತು. ಕಾಗದವೇ ಹಳತಾಗಿರಬೇಕೆಂದು ಇನ್ನೊಂದನ್ನು ಅದ್ದಿದ, ಅದೂ ನೀಲಿ. ಹತ್ತು ನಿಮಿಷ ಮೀಟರನ್ನೂ ಕಾಗದವನ್ನೂ ನೋಡುತ್ತ ನಿಂತಿದ್ದನಂತೆ. ಕೊನೆಗೆ ಪಂಪು ಆರಿಸಿ, ಪ್ರೋಬಿಗೆ ಏನಾಗಿದೆ ಎಂದು ಬಗ್ಗಿ ನೋಡಿದ. ನೀರು ಕಡಿಮೆಯಿದ್ದುದರಿಂದ ತೊಟ್ಟಿ ಕಲಕುವ ರೆಕ್ಕೆ ಮೇಲ್ಮಟ್ಟದಲ್ಲೇ ಬಡಿಯುತ್ತಿತ್ತು. ಕಾಸ್ಟಿಕ್ ತುಂಬಿದ ನೀರು ಎದ್ದು ಎಡಗಣ್ಣಿಗೆ ಸಿಡಿಯಿತು. ಕಣ್ಣಿನ ರಕ್ಷಣೆಗೆ ಕೊಟ್ಟ ಕನ್ನಡಕ ಆವಿ ಹಿಡಿದಿತ್ತೆಂದು ಹಣೆಯ ಮೇಲಕ್ಕೆ ಏರಿಸಿಕೊಂಡಿದ್ದ.

ಪಕ್ಕದಲ್ಲಿದ್ದವರು ಬುದ್ಧಿವಂತರು. ನಲ್ಲಿಯ ಕೆಳಗೆ ಹಿಡಿದು ಇಪ್ಪತ್ತು ನಿಮಿಷ ಕಣ್ಣು ತೊಳೆದು ಗುಡಗಾಂವಿನ ಆಸ್ಪತ್ರೆಗೆ ಕರೆದೊಯ್ದರು. ನನಗೆ ಫೋನು ಬಂದಾಗ ಹನ್ನೊಂದು ಗಂಟೆ. ನಾನು ಹೋಗಿ ಕೊಳವೆಯನ್ನು ಎತ್ತಿದೆ. ಟೇಪು ಹಿಡಿಯುವ ಅಗತ್ಯವೇ ಇರಲಿಲ್ಲ, ಆದರೂ ಹಿಡಿದು ಅಳೆದೆ. ಒಂದು ಮೀಟರ್. ಅಲ್ಲೇ ಮೆಟ್ಟಿಲಿನ ಮೇಲೆ ಕುಳಿತೆ.

ಮಾವ ಆ ವಾರವೇ ಒಂದು ವರದಿ ತಯಾರು ಮಾಡಿದರು. ಕಾರ್ಖಾನೆಯವರು ಏನಾಯಿತೆಂದು ಬರಹದಲ್ಲಿ ಕೇಳಿದ್ದರು. ಪ್ರೋಬನ್ನು ಒಣಗಲು ಬಿಟ್ಟದ್ದು, ಕನ್ನಡಕ ತೆಗೆದದ್ದು ನೌಕರನ ಅಜಾಗರೂಕತೆ ಎಂದು ಅದರಲ್ಲಿತ್ತು. ಎರಡೂ ಪೂರ್ತಿ ಸುಳ್ಳಲ್ಲ, ಅದೇ ಕಷ್ಟ. ತೊಟ್ಟಿ ಖಾಲಿ ಮಾಡುವಾಗ ಗಾಜು ಒಣಗದ ಹಾಗೆ ಪ್ರೋಬಿಗೆ ದ್ರಾವಣ ತುಂಬಿದ ಟೊಪ್ಪಿ ಹಾಕಬೇಕು, ಅದನ್ನು ಅವನು ಹಾಕಿರಲಿಲ್ಲ. ಕೊಳವೆಯ ಉದ್ದದ ಮಾತು ಮಾತ್ರ ಎಲ್ಲೂ ಇರಲಿಲ್ಲ. ನಾನು ಸಹಿ ಹಾಕಬೇಕಿತ್ತು. ಯೋಚಿಸಬೇಕು ಎಂದೆ. ಮಾವ ಗದರಲಿಲ್ಲ, ಚಹಾ ತರಿಸಿದರು.

"ಸುಳ್ಳು ಬರಿ ಅಂತ ನಾನು ಹೇಳ್ತಿಲ್ಲ ಅಹಲ್ಯಾ. ಒಂದು ಮಾತು ಬರೀದೇ ಇರು ಅಂತಿದ್ದೀನಿ, ಅಷ್ಟೇ."

ಹದಿನಾರು ಜನ ಆ ಕಂಪನಿಯಿಂದ ಊಟ ಮಾಡುತ್ತಾರೆ, ಹೆಸರು ಕೆಟ್ಟರೆ ಮಾನೇಸರದ ಒಂದು ಗೇಟೂ ತೆರೆಯುವುದಿಲ್ಲ ಎಂದೂ ಹೇಳಿದರು. ಅದೂ ಸುಳ್ಳಲ್ಲ. ಎರಡು ದಿನ ಆ ವರದಿಯನ್ನು ಚೀಲದಲ್ಲಿಟ್ಟುಕೊಂಡು ಓಡಾಡಿದೆ.

ಮೂರನೆಯ ದಿನ ಓಂಬೀರನನ್ನು ನೋಡಲು ಹೋದೆ. ಕಾರ್ಖಾನೆಯ ಹಿಂದಿನ ಕಾಸನ್ ಹಳ್ಳಿಯಲ್ಲಿ ಬಾಡಿಗೆಯ ಒಂದು ಕೋಣೆ. ಕಣ್ಣಿಗೆ ಪಟ್ಟಿ ಕಟ್ಟಿತ್ತು. ಅವನ ಹೆಂಡತಿ ತಲೆಯ ಮೇಲಿನ ಸೆರಗನ್ನು ಮುಂದೆ ಎಳೆದುಕೊಂಡು ನನಗೆ ಮಜ್ಜಿಗೆ ಕೊಟ್ಟಳು. ಕಣ್ಣು ಉಳಿಯುತ್ತದೆ, ಸ್ವಲ್ಪ ದಿನ ಮಂಜು ಇರುತ್ತದೆ ಎಂದು ಡಾಕ್ಟರು ಹೇಳಿದ್ದಾರಂತೆ. ಕಾಗದ ನೀಲಿಯಾದ ಕೂಡಲೇ ಯಾಕೆ ಪಂಪು ನಿಲ್ಲಿಸಲಿಲ್ಲ ಎಂದು ಕೇಳಿದೆ. ಯಾಕೆ ಕೇಳಿದೆನೋ, ಅವನಿಂದ ಒಂದು ತಪ್ಪು ಸಿಗಲಿ ಎಂದೇ ಇರಬೇಕು. ಅವನು ಕೋಪಿಸಿಕೊಳ್ಳಲಿಲ್ಲ. ತನ್ನ ಹರಿಯಾಣದ ಹಿಂದಿಯಲ್ಲಿ ಹೇಳಿದ್ದು ಇಷ್ಟು:

"ಮೇಡಂಜೀ, ಕಾಗದ ನನ್ನದು, ಮೀಟರು ನಿಮ್ಮದು. ನಾನು ಎಂಟನೇ ಕ್ಲಾಸು. ನಿಮ್ಮದೇ ಸರಿ ಇರಬೇಕು ಅಂದುಕೊಂಡೆ."

ವರದಿಯಲ್ಲಿ ತನ್ನ ಹೆಸರು ಬಂದರೆ ಗುತ್ತಿಗೆದಾರ ಕೆಲಸದಿಂದ ತೆಗೆಯುತ್ತಾನೆ ಎಂದು ಅವನು ಹೇಳಲಿಲ್ಲ. ಬಾಗಿಲವರೆಗೆ ಬಂದ ಹೆಂಡತಿ ಹೇಳಿದಳು.

ಮನೆಗೆ ಬಂದು ನಾನೇ ಬೇರೆ ವರದಿ ಬರೆದೆ, ಇಂಗ್ಲಿಷಿನಲ್ಲಿ, ಒಂದು ಪುಟ. ಟೊಪ್ಪಿಯನ್ನೂ ಕನ್ನಡಕವನ್ನೂ ಬಿಡಲಿಲ್ಲ. ಬೆಳಿಗ್ಗೆ ಅಪ್ಪನಿಗೆ ತೋರಿಸಿದೆ. ಅವರು ಎರಡು ಸಲ ಓದಿ, ಆಫೀಸಿನ ಕಾಲದ ಅಭ್ಯಾಸದಂತೆ ಪೆನ್ಸಿಲ್ ತೆಗೆದು ಒಂದೇ ಸಾಲಿನ ಕೆಳಗೆ ಗೆರೆ ಎಳೆದರು. ಅರ್ಧ ಮೀಟರ್ ಕಡಿಮೆ ಇರುವ ಕೊಳವೆಯನ್ನು ಅಳವಡಿಸಲಾಗಿತ್ತು ಎಂಬ ಸಾಲು.

"ಯಾರು ಅಳವಡಿಸಿದ್ದು? ಮೂವತ್ತಾರು ವರ್ಷ ನಾನು ಫೈಲಿನಲ್ಲಿ ಹೀಗೇ ಬರೆದೆ. ಮಾಡಲಾಯಿತು, ಕಳಿಸಲಾಯಿತು. ಮಾಡಿದವನು ಎಲ್ಲೂ ಇರ್ತಿರಲಿಲ್ಲ," ಎಂದರು. ಅಷ್ಟು ಹೇಳಿ ಪೇಪರು ಎತ್ತಿಕೊಂಡರು. ನಾನು ಆ ಸಾಲನ್ನು ತಿದ್ದಿದೆ. ನಾನು ಅಳವಡಿಸಿದೆ, ಬದಲಾಯಿಸಲು ಮರೆತೆ ಎಂದು ಬರೆದೆ.

ಕಾರ್ಖಾನೆಯ ಮ್ಯಾನೇಜರು ಏಕನಾಥ ಎಂಬ ನಾಗಪುರದವರು, ಮಾತು ಕಡಿಮೆ. ಮೊದಲು ಮಾವನಿಗೆ ಒಂದು ಪ್ರತಿ ಕೊಟ್ಟು, ಆಮೇಲೆ ಏಕನಾಥರಿಗೆ ಕೊಡುತ್ತೇನೆಂದು ಹೇಳಿಯೇ ಹೋದೆ. ಕದ್ದು ಮಾಡಲಿಲ್ಲ. ಏಕನಾಥರು ಓದಿ ಮುಗಿಸಿದರು. ಇದು ಕಂಪನಿಯ ಕಾಗದವೋ ನಿಮ್ಮ ಸ್ವಂತದ್ದೋ ಎಂದು ಕೇಳಿದರು. ಸ್ವಂತದ್ದು ಎಂದೆ. ಬೈಗುಳಕ್ಕೆ ಕಾದು ನಿಂತಿದ್ದೆ. ಅವರು ಕಾಗದವನ್ನು ಮಡಿಸಿ ಮೇಜಿನ ಖಾನೆಯಲ್ಲಿಟ್ಟು, ಉದ್ದದ ಕೊಳವೆ ತಂದಿದ್ದೀರಾ ಎಂದು ಮಾತ್ರ ಕೇಳಿದರು.

ತಂದಿದ್ದೆ. ಅವತ್ತೇ ಹಾಕಿದೆ. ತೊಟ್ಟಿ ಅರ್ಧ ಖಾಲಿಯಾದರೂ ಬುರುಡೆ ನೀರಿನಿಂದ ಹೊರಗೆ ಬಾರದಷ್ಟು ಕೆಳಗೆ, ಕಾಸ್ಟಿಕ್ ಬೀಳುವ ಜಾಗದಿಂದ ದೂರಕ್ಕೆ ಸರಿಸಿ. ನೀರಿನ ಮಟ್ಟ ಇಳಿದರೆ ಪಂಪೂ ರೆಕ್ಕೆಯೂ ತಾವಾಗಿ ನಿಲ್ಲುವಂತೆ ಒಂದು ತೇಲುವ ಸ್ವಿಚ್ಚು ಜೋಡಿಸಿದೆ. ಹೊಸ ಪ್ರೋಬನ್ನು ಪಿಎಚ್ ನಾಲ್ಕರ ದ್ರಾವಣದಲ್ಲೂ ಏಳರ ದ್ರಾವಣದಲ್ಲೂ ಅದ್ದಿ ತಾಳೆ ನೋಡಿದೆ. ಟೊಪ್ಪಿಯನ್ನು ದಾರ ಕಟ್ಟಿ ತೊಟ್ಟಿಯ ಕಟಕಟೆಗೇ ತೂಗುಹಾಕಿದೆ. ಹೋದ ಗುರುವಾರ ಓಂಬೀರ್ ಕೆಲಸಕ್ಕೆ ಮರಳಿದ್ದಾನೆ. ಎಡಗಣ್ಣಿನಲ್ಲಿ ಇನ್ನೂ ಸ್ವಲ್ಪ ಮಂಜಿದೆಯಂತೆ, ಬಸ್ಸಿನ ಬೋರ್ಡು ಓದಬಲ್ಲ. ದಿನಕ್ಕೆ ಮೂರು ಸಲ ಕಾಗದವನ್ನೂ ಅದ್ದಿ ನೋಡು, ಎರಡೂ ಬೇರೆ ಬೇರೆ ಹೇಳಿದರೆ ಮೊದಲು ಪಂಪು ಆರಿಸು, ಆಮೇಲೆ ನನಗೆ ಫೋನು ಮಾಡು ಎಂದು ಹೇಳಿಕೊಟ್ಟೆ. ತಪ್ಪು ನನ್ನದಾಗಿತ್ತು ಎಂದೂ ಹೇಳಿದೆ. ಅವನು ಅಚ್ಛಾ ಜೀ ಎಂದು ನೆಲ ನೋಡಿದ. ಕ್ಷಮಿಸಿದನೋ ಇಲ್ಲವೋ ಗೊತ್ತಿಲ್ಲ. ನಾನೂ ಕೇಳಲಿಲ್ಲ.

ಅನಂತಮಾವ ಸ್ವಲ್ಪ ಮುನಿಸಿಕೊಂಡಿದ್ದಾರೆ. ನಿನಗೆ ಫೋನು ಮಾಡಿದರೂ ಮಾಡಬಹುದು.

ಅಪ್ಪ ಕರೆಯುತ್ತಿದ್ದಾರೆ, ಕಾಗದ ಹಾಕಲು ತಾವೇ ಹೋಗುತ್ತಾರಂತೆ. ದೊಡ್ಡಮ್ಮನಿಗೆ ನನ್ನ ನಮಸ್ಕಾರ ಹೇಳು. ಅವರು ಪೂರ್ತಿ ನಡೆಯುವವರೆಗೆ ಅಲ್ಲೇ ಇರು, ನಮ್ಮ ಚಿಂತೆ ಬೇಡ. ಮಂಡಿಗೆ ಎಣ್ಣೆ ಹಚ್ಚುವುದನ್ನು ತಪ್ಪಿಸಬೇಡ.

ನಿನ್ನ ಮಗಳು,
ಅಹಲ್ಯಾ

ಮರೆತಿದ್ದೆ: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಶುಕ್ರವಾರ ಮಾವನ ಕಂಪನಿ ಬಿಟ್ಟೆ. ಅವರು ತೆಗೆಯಲಿಲ್ಲ, ಇನ್ನು ಹೊರಗೆ ಹೋಗಬೇಡ, ಆಫೀಸಿನಲ್ಲೇ ಕೂತು ಫೋನು ನೋಡಿಕೋ ಎಂದರು. ನನ್ನಿಂದ ಆಗಲಿಲ್ಲ. ಏಕನಾಥರು ತಮ್ಮ ಕಾರ್ಖಾನೆಯ ಪ್ರೋಬುಗಳನ್ನು ನೋಡಿಕೊಳ್ಳಲು ಮುಂದಿನ ತಿಂಗಳಿನಿಂದ ಬರಲು ಹೇಳಿದ್ದಾರೆ. ಮೂರು ತಿಂಗಳ ಮಟ್ಟಿಗೆ ಮಾತ್ರ, ಆಮೇಲಿನದು ಗೊತ್ತಿಲ್ಲ. ನನಗೆ ಕೆಲಸ ಕೊಡೆಂದು ಅವತ್ತು ಮಾವನನ್ನು ಕೇಳಿದವಳು ನೀನು, ಆದ್ದರಿಂದ ಅವರು ನಿನ್ನನ್ನೇ ಆಡಿಕೊಳ್ಳುತ್ತಾರೆ. ಆಡಿಕೊಂಡರೆ ಕೇಳಿಸಿಕೋ ಅಮ್ಮಾ. ತಮ್ಮನ ಜೊತೆ ಜಗಳವಾಡಬೇಡ, ನನ್ನ ಪರವಾಗಿ ಕ್ಷಮೆಯನ್ನೂ ಕೇಳಬೇಡ.