ನಿಂತ ಮುಳ್ಳಿನ ವಾಚು ಕೊಂಡೆ, ದೊಡ್ಡಪ್ಪ

ದೊಡ್ಡಪ್ಪಾ,

ನೀನು ಹೋಗಿ ಒಂದೂವರೆ ವರ್ಷವಾಯಿತು. ಹೇಳಬೇಕಾದ್ದು ಬಹಳ ಇತ್ತು, ಆದರೆ ನನ್ನದು ಬರೆಯುವ ಕೈ ಅಲ್ಲ, ನಿನಗೇ ಗೊತ್ತು. ಇವತ್ತು ಮಾತ್ರ ಬರೆಯದೆ ಇರಲಾಗುತ್ತಿಲ್ಲ. ನಾನೊಂದು ವಾಚು ಕೊಂಡೆ. ಅಂಗಡಿಗೆ ಅಲ್ಲ, ನನ್ನ ಕೈಗೆ. ಸ್ವಿಸ್ಸಿನದು, ಕೀ ಕೊಡುವ ಕ್ರೊನೊಗ್ರಾಫ್, ಇನ್ನೊಬ್ಬರು ಇಪ್ಪತ್ತೈದು ವರ್ಷ ಕಟ್ಟಿದ್ದು. ನೀನಿದ್ದಿದ್ದರೆ ಮೊದಲು ಬೈಯುತ್ತಿದ್ದೆ, ಆಮೇಲೆ ನನ್ನ ಕೈಯಿಂದ ಕಿತ್ತುಕೊಂಡು ಕಿವಿಗೆ ಹಿಡಿಯುತ್ತಿದ್ದೆ, ಆಮೇಲೆ ಸುಮ್ಮನಾಗಿಬಿಡುತ್ತಿದ್ದೆ. ನೀನು ಸುಮ್ಮನಾದರೆ ವಾಚು ಚೆನ್ನಾಗಿದೆ ಎಂದು ಅರ್ಥ. ಆದರೆ ಇದನ್ನು ಕೊಂಡ ಕಥೆಯಲ್ಲಿ ಎಂಟು ದಿನದ ಒಂದು ಹೊಲಸಿದೆ. ಅದನ್ನೂ ಹೇಳುತ್ತೇನೆ.

ನಾನು ಶಾಲೆ ಬಿಟ್ಟು ನಿನ್ನ ಹತ್ತಿರ ಬಂದ ದಿನ ನೆನಪಿದೆಯಾ? ಹತ್ತನೇ ಕ್ಲಾಸಿನ ಪ್ರಿಪರೇಟರಿ ಪರೀಕ್ಷೆಯಲ್ಲಿ ಕಾಪಿ ಹೊಡೆದಿದ್ದೆ. ಯಾರೂ ಹಿಡಿದಿರಲಿಲ್ಲ. ಎರಡು ದಿನ ನಿದ್ದೆ ಬರದೆ ಮೂರನೇ ದಿನ ನಾನೇ ಹೋಗಿ ಹೆಡ್ಮಾಸ್ತರಿಗೆ ಹೇಳಿದೆ. ಅಪ್ಪನನ್ನು ಕರೆಸಿದರು. ಅಪ್ಪ "ನಿನ್ನ ಯಾರ್ಲಾ ಕೇಳಿದ್ರು?" ಎಂದು ಸ್ಕೂಲಿನ ಅಂಗಳದಲ್ಲೇ ಬಾರಿಸಿದರು. ಮತ್ತೆ ನಾನು ಆ ಗೇಟು ದಾಟಲಿಲ್ಲ. ಅರಸೀಕೆರೆ ಸ್ಟೇಷನ್ ಎದುರು, ಮೆಟ್ಟಿಲ ಕೆಳಗಿನ ನಿನ್ನ ಗೂಡಿನಂಥ ಅಂಗಡಿಯಲ್ಲಿ ನೀನು ಕಣ್ಣಿಗೆ ಸಿಕ್ಕಿಸಿಕೊಂಡ ಲೆನ್ಸು ತೆಗೆಯದೆ ಎಲ್ಲ ಕೇಳಿಸಿಕೊಂಡೆ. "ನಿಜ ಹೇಳೋ ರೋಗ ಐತೇನ್ಲಾ ನಿಂಗೆ? ಕುತ್ಕೋ. ಈ ಕಸುಬಿಗೆ ಅಂಥ ರೋಗದೋರೇ ಬೇಕು" ಎಂದೆ. ಕೂತೆ. ಕೂತವನು ಎಲ್ಲಿ ಸುಮ್ಮನೆ ಕೂತೆ! ವರ್ಷಕ್ಕೆರಡು ಸಲ ಓಡಿಹೋಗಿ ಹೋಟೆಲು, ಗ್ಯಾರೇಜು, ಲಾರಿ ಎಲ್ಲ ನೋಡಿ ವಾಪಸು ಬಂದೆ. ನೀನು ಒಂದು ಸಲವೂ ಎಲ್ಲಿಗೆ ಹೋಗಿದ್ದೆ ಎಂದು ಕೇಳಲಿಲ್ಲ. "ಆ ಟೈಂಪೀಸು ಬಿಚ್ಚು" ಎನ್ನುತ್ತಿದ್ದೆ, ಅಷ್ಟೆ.

ಕಣಕಟ್ಟೆಯಿಂದ ಒಬ್ಬ ತೆಂಗಿನ ತೋಟದ ಗೌಡರು ಬಂದಿದ್ದರಲ್ಲ, ಮದುವೆಯಲ್ಲಿ ಮಾವ ಕೊಟ್ಟ ವಾಚು ಸತ್ತುಹೋಗಿದೆ, ಎಷ್ಟಾದರೂ ಕೊಟ್ಟು ಇಟ್ಟುಕೊಳ್ಳಿ ಎಂದು. ನೀನು ಬೆನ್ನು ಬಿಚ್ಚಿ, ರಬ್ಬರಿನ ಊದುಬುರುಡೆ ಹಿಂಡಿ ಒಂದು ಸಲ ಗಾಳಿ ಊದಿದೆ. ವಾಚು ಓಡಿತು. ವಾಪಸು ಅವರ ಕೈಗೇ ಕೊಟ್ಟೆ. ಅವರು ಹೋದ ಮೇಲೆ ನಾನು ನಿನ್ನ ಮೇಲೆ ಹಾರಾಡಿದೆ. "ಬಿಟ್ಟಿ ಬಂದಿದ್ದು ಬಿಟ್ಯಲ್ಲ ದೊಡ್ಡಪ್ಪ!" ನೀನು ನಕ್ಕೆ. "ಮೊದ್ಲು ಕಾಯಿಲೆ, ಆಮೇಲೆ ಬೆಲೆ ಕಣ್ಲಾ. ಕಾಯಿಲೆ ಇದ್ರೆ ಇದೆ ಅನ್ನು. ಇಲ್ದಿದ್ರೆ ಇಲ್ಲ ಅನ್ನು. ಎರಡನೇದೇ ಕಷ್ಟ." ಎರಡನೆಯದು ಯಾಕೆ ಕಷ್ಟ ಎಂದು ಆಗ ನನಗೆ ಅರ್ಥವಾಗಿರಲಿಲ್ಲ.

ಈ ಸಲದ ದೀಪಾವಳಿ ಕಳೆದ ಮೇಲೆ ಬೇಲೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ನನ್ನ ಗೆಳೆಯ ಒಂದು ಫೋಟೋ ಕಳಿಸಿದ. "ರಿಟೈರ್ಡ್ ಟೀಚರ್ ಒಬ್ರು ಮಾರ್ತಾರಂತೆ, ಕೆಟ್ಟೋಗಿದೆಯಂತೆ, ನೋಡು." ಫೋಟೋ ನೋಡಿದವನೇ ಅಂಗಡಿ ಮುಚ್ಚಿ ಹೊರಟೆ. ನಾವು ಪುಸ್ತಕದಲ್ಲಿ, ಫೋನಿನಲ್ಲಿ ನೋಡಿ ನೋಡಿ ಬಾಯಿ ಬಿಡುತ್ತಿದ್ದ ಜಾತಿಯದು. ಬಾಣಾವರ, ಜಾವಗಲ್ಲು ದಾಟಿ ಬೇಲೂರಿನವರೆಗೆ ಬೈಕು ಹೇಗೆ ಓಡಿಸಿದೆನೋ ಗೊತ್ತಿಲ್ಲ. ಶಾಂತಾ ಮೇಡಂ ಎಂದು ಹೆಸರು. ಅವರ ಯಜಮಾನರು ಮಸ್ಕತ್ತಿನಲ್ಲಿ ರಸ್ತೆ ಸರ್ವೆ ಕೆಲಸದಲ್ಲಿದ್ದಾಗ ಮೊದಲ ದೊಡ್ಡ ಸಂಬಳದಲ್ಲಿ ಕೊಂಡಿದ್ದಂತೆ. ಮೇಡಂ ಒಂದು ಕರವಸ್ತ್ರ ಬಿಚ್ಚಿ ವಾಚು ನನ್ನ ಮುಂದಿಟ್ಟರು. ಓಡುತ್ತಿತ್ತು. ಸಮಯ ಸರಿಯಾಗಿತ್ತು. ದಿನಾ ಬೆಳಿಗ್ಗೆ ತಾವೇ ಕೀ ಕೊಡುತ್ತೇನೆ ಎಂದರು. ಮತ್ತೆ ಕೆಟ್ಟಿರುವುದೇನು?

"ದೊಡ್ಡ ಮುಳ್ಳು ನೋಡಪ್ಪ" ಎಂದರು. "ಅವ್ರ ಕೈಯಲ್ಲಿ ಯಾವಾಗ್ಲೂ ಸುತ್ತುತ್ತಾ ಇತ್ತು. ಹಾಸನದ ಆಸ್ಪತ್ರೇಲಿ ಐಸಿಯುಗೆ ಹಾಕುವಾಗ ನರ್ಸು ವಾಚು ಬಿಚ್ಚಿ ನನ್ನ ಕೈಗೆ ಕೊಟ್ಲು. ಆಗ್ಲೇ ನಿಂತಿತ್ತು. ಅಲ್ಲೇ, ನಾಲ್ಕು ಐದರ ಮಧ್ಯೆ. ಅವತ್ತು ಸಂಜೆ ಅವ್ರು ಹೋದ್ರು. ಮಿಕ್ಕ ಮುಳ್ಳು ನಮ್ ಥರ, ಓಡ್ತಾ ಇದಾವೆ. ಅದೊಂದು ಮಾತ್ರ ಓಡ್ಲಿಲ್ಲ." ಅಂಗಡಿಯವರೊಬ್ಬರು ನೋಡಿ ಪಾರ್ಟು ಸಿಗುವುದಿಲ್ಲ, ಗುಜರಿ ಬೆಲೆಗೆ ಕೊಟ್ಟುಬಿಡಿ ಎಂದಿದ್ದರಂತೆ. "ದಿನಾ ಕೀ ಕೊಡೋದು, ದಿನಾ ಆ ನಿಂತಿರೋದನ್ನ ನೋಡೋದು. ಮೂರು ವರ್ಷ ಆಯ್ತು. ಇನ್ನು ನನ್ನ ಕೈಲಾಗಲ್ಲ. ತಗೊಂಡು ಹೋಗಿಬಿಡು."

ನೀನಾಗಿದ್ದರೆ ಅಲ್ಲೇ ನಕ್ಕುಬಿಡುತ್ತಿದ್ದೆಯಾ, ಅಳುತ್ತಿದ್ದೆಯಾ? ಕ್ರೊನೊಗ್ರಾಫಿನಲ್ಲಿ ಸೆಕೆಂಡು ತೋರಿಸುವುದು ಪಕ್ಕದ ಪುಟ್ಟ ವೃತ್ತದ ಮುಳ್ಳು. ನಡುವಿನ ದೊಡ್ಡ ಮುಳ್ಳು ಸ್ಟಾಪ್‌ವಾಚಿನದು. ಮೇಲಿನ ಗುಂಡಿ ಒತ್ತಿದರೆ ಓಡುತ್ತದೆ, ಇನ್ನೊಮ್ಮೆ ಒತ್ತಿದರೆ ನಿಲ್ಲುತ್ತದೆ. ನಿಂತ ಮುಳ್ಳು ಚೆಂದ ಕಾಣುವುದಿಲ್ಲ ಎಂದು ನಮ್ಮ ಕಡೆಯವರು ಅದನ್ನು ಯಾವಾಗಲೂ ಓಡಿಸಿಟ್ಟಿರುತ್ತಾರೆ. ಆ ಯಜಮಾನರೂ ಹಾಗೆಯೇ ಮಾಡಿದ್ದಾರೆ, ಹೆಂಡತಿಗೆ ಹೇಳಿಲ್ಲ. ನರ್ಸು ಅವಸರದಲ್ಲಿ ಬಿಚ್ಚುವಾಗ ಬೆರಳು ಗುಂಡಿಗೆ ತಾಗಿದೆ. ಅಷ್ಟೇ ದೊಡ್ಡಪ್ಪ, ಅಷ್ಟೇ.

ಆ ಕ್ಷಣ ನನ್ನ ತಲೆಯಲ್ಲಿ ಓಡಿದ್ದನ್ನು ಮುಚ್ಚಿಡುವುದಿಲ್ಲ. ಹೇಳಿದರೆ ಬೆಲೆ ನಾಲ್ಕು ಪಟ್ಟಾಗುತ್ತದೆ, ನನ್ನ ಕೈಗೆ ಎಟುಕುವುದಿಲ್ಲ. ಅಥವಾ ಮುಳ್ಳು ಓಡಿದ ಮೇಲೆ ಮೇಡಂ ಮಾರುವುದೇ ಇಲ್ಲ. ಹೇಳದಿದ್ದರೆ ಇವತ್ತೇ ನನ್ನದು. ಇದೆಲ್ಲ ಬರೀ ಲೆಕ್ಕಾಚಾರ, ಸರಿ. ಅದರ ಕೆಳಗೆ ಇನ್ನೊಂದು ನೆಪ ಹುಟ್ಟಿತು. ಆ ನಾಲ್ಕು ಐದರ ನಡುವಿನ ಜಾಗ ಅವರ ಪಾಲಿಗೆ ಗಂಡ ಉಸಿರು ಬಿಟ್ಟ ಜಾಗ. ಒಂದು ಗುಂಡಿ ಒತ್ತಿ ಅದನ್ನು ಅಳಿಸಲು ನಾನ್ಯಾರು? ನೋಡು, ಸುಳ್ಳಿಗೆ ಎಷ್ಟು ಒಳ್ಳೆಯ ಅಂಗಿ ಸಿಕ್ಕಿತು! "ಮುಂದಿನ ವಾರ ದುಡ್ಡು ಹೊಂದಿಸಿಕೊಂಡು ಬರ್ತೀನಿ ಮೇಡಂ" ಎಂದು ಎದ್ದುಬಂದೆ.

ಹಳೇಬೀಡಿನ ಕೆರೆ ಏರಿಯ ಮೇಲೆ ಬೈಕು ನಿಲ್ಲಿಸಿ ಎಳನೀರು ಕೊಂಡೆ, ಅರ್ಧ ಕುಡಿದು ಎಸೆದೆ. ಎಂಟು ದಿನ ಹಾಗೇ ಇದ್ದೆ. ಅಂಗಡಿಯಲ್ಲಿ ಒಂದು ಗೋಡೆ ಗಡಿಯಾರದ ಪೆಂಡುಲಂ ಸರಿಯಾಗಿ ಸಿಕ್ಕಿಸಲಾಗಲಿಲ್ಲ. ನಿನ್ನ ಸ್ಟೂಲಿನ ಮೇಲೆ ಕೂರಲಾಗಲಿಲ್ಲ, ನಿಂತೇ ಕೆಲಸ ಮಾಡಿದೆ. ಕಾಪಿ ಹೊಡೆದಾಗ ಎರಡೇ ದಿನಕ್ಕೆ ಬಾಯಿ ಬಿಟ್ಟವನು ಈಗ ಎಂಟು ದಿನ ತಡೆದುಕೊಂಡೆನಲ್ಲ, ನೀನಿಲ್ಲದ ಮೇಲೆ ನಾನು ಇಂಥವನೇ ಆಗಿಹೋದೆನಾ, ಅಥವಾ ಮೊದಲಿಂದಲೂ ಇಂಥವನೇ, ನೀನು ಪಕ್ಕದಲ್ಲಿ ಕೂತಿದ್ದೆ ಅಂತ ಮಾತ್ರ... ಆ ಭಯ ನನ್ನನ್ನು ತಿಂದುಹಾಕಿತು. ವಾಚು ಹೋದರೆ ಹೋಗಲಿ, ನಿಜ ಹೇಳುವ ಈ ರೋಗವೂ ಹೋದರೆ ನನ್ನ ಹತ್ತಿರ ಬೇರೇನಿದೆ? ಮಾರ್ಕ್ಸ್ ಕಾರ್ಡು ಕೂಡ ಇಲ್ಲ.

ಒಂಬತ್ತನೇ ದಿನ ಬೆಳಿಗ್ಗೆ ಬೇಲೂರಿಗೆ ಹೋದೆ. ಮೇಡಂ ಅವರೆಕಾಳು ಬಿಡಿಸುತ್ತಾ ಕೂತಿದ್ದರು. "ಬಾಪ್ಪ, ದುಡ್ಡು ತಂದ್ಯಾ?" ಎಂದರು. ನಾನು ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟೆ. "ಮೇಡಂ, ವಾಚು ಕೆಟ್ಟಿಲ್ಲ."

"ಏನಂದೆ?"

ಎಲ್ಲ ಹೇಳಿದೆ. ಪುಟ್ಟ ಮುಳ್ಳು, ದೊಡ್ಡ ಮುಳ್ಳು, ಗುಂಡಿ, ನರ್ಸು. ಸರಿಯಾದ ಬೆಲೆ ಎಷ್ಟು ಬರುತ್ತದೆ ಎನ್ನುವುದನ್ನೂ ಹೇಳಿದೆ. ಒತ್ತಿದರೆ ಆ ಮುಳ್ಳು ಮತ್ತೆ ಅದೇ ಜಾಗದಲ್ಲಿ ನಿಲ್ಲುವುದಿಲ್ಲ, ಯೋಚನೆ ಮಾಡಿ ಎಂದೆ. ಮೇಡಂ ಇನ್ನೊಂದು ಅವರೆಕಾಯಿ ಬಿಡಿಸಿ ಕಾಳನ್ನು ಸಿಪ್ಪೆಯ ರಾಶಿಗೆ ಹಾಕಿದರು. ಬೈದರೆ ಸಾಕು, ಆಚೆ ಹೋಗೆಂದರೆ ಸಾಕು ಅನ್ನಿಸಿತು. ಆಮೇಲೆ ಒಳಗೆ ಹೋಗಿ ವಾಚು ತಂದರು. ನನ್ನ ಕೈಗೆ ಕೊಡಲಿಲ್ಲ. "ಯಾವುದು ಗುಂಡಿ?" ಎಂದರು. ತೋರಿಸಿದೆ. ಹೆಬ್ಬೆರಳಿಟ್ಟು ಒತ್ತಿದರು.

ಓಡಿತು ದೊಡ್ಡಪ್ಪ. ಮೂರು ವರ್ಷ ನಿಂತಿದ್ದು, ಒಂದು ಚೂರು ತೊದಲದೆ. ಮೇಡಂ ಮೂಗಿನ ಹತ್ತಿರ ಹಿಡಿದು ನೋಡಿದರು. "ಹನ್ನೆರಡರಿಂದ ಶುರುವಾಗ್ಲಿಲ್ವಲ್ಲೋ! ಬಿಟ್ಟಲ್ಲಿಂದ್ಲೇ ಹೊರಡ್ತು!" ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ಈ ಮನುಷ್ಯ ನೋಡು, ಮೂವತ್ತು ವರ್ಷ ಸಂಸಾರ ಮಾಡಿ ಒಂದು ಗುಂಡಿ ಇದೆ ಅಂತ ಹೇಳ್ಲಿಲ್ಲ! ನಾನು ಸತ್ಯವಾನನ ಕಥೆ ಮಾಡ್ಕೊಂಡು ಕೂತಿದ್ದೆ." ನಗುತ್ತಾ ನಗುತ್ತಾ ಸೆರಗಿಗೆ ಮೂಗು ಒರೆಸಿಕೊಂಡರು. ನನಗೂ ಮೈಯೆಲ್ಲ ಹಗುರಾಗಿ ಅಲ್ಲೇ ಕೂತು ಅವರೆಕಾಳು ಬಿಡಿಸಲು ಶುರುಮಾಡಿದೆ.

ಆಮೇಲೆ ಅದನ್ನೂ ಹೇಳಿದೆ. "ಮೇಡಂ, ನನಗೆ ಮೊದಲ್ನೇ ದಿನವೇ ಗೊತ್ತಿತ್ತು. ಎಂಟು ದಿನ ಬಾಯಿ ಮುಚ್ಕೊಂಡಿದ್ದೆ." ಅವರು ತಲೆ ಎತ್ತಲಿಲ್ಲ. "ಗೊತ್ತು ಕಣೋ. ಮೂವತ್ತು ವರ್ಷ ಪರೀಕ್ಷೆ ಹಾಲಲ್ಲಿ ನಿಂತವಳು ನಾನು. ಬಚ್ಚಿಟ್ಟುಕೊಂಡಿರೋ ಮುಖ ಗೊತ್ತಾಗಲ್ವಾ? ಏನು ಬಚ್ಚಿಟ್ಟಿದೀಯ ಅಂತ ಮಾತ್ರ ಗೊತ್ತಾಗಿರ್ಲಿಲ್ಲ. ಎಷ್ಟರವರೆಗೆ ಓದಿದೀಯ?" ಹತ್ತನೇ ಕ್ಲಾಸು ಬಿಟ್ಟ ಕಾರಣ ಹೇಳಿದೆ. ಮೇಡಂ ಕೈಲಿದ್ದ ಸಿಪ್ಪೆ ನನ್ನ ಮೇಲೆ ಎಸೆದರು. "ಯಾರೂ ಹಿಡೀದೆ ನೀನಾಗೇ ಹೇಳಿದ್ಯಾ? ಅಯ್ಯೋ ಪೆದ್ದ! ನನ್ನ ಕ್ಲಾಸಲ್ಲಿ ಇರ್ಬಾರ್ದಿತ್ತಾ ನೀನು."

ವಾಚು ಅವತ್ತು ಕೊಡಲಿಲ್ಲ. ಇನ್ನು ಕೊಡುವುದೂ ಇಲ್ಲ ಎಂದುಕೊಂಡು ಬೈಕು ಹತ್ತಿದೆ. ನಂಬುತ್ತೀಯಾ, ದಾರಿಯುದ್ದಕ್ಕೂ ಹಾಡಿಕೊಂಡು ಬಂದೆ. ಹಳೇಬೀಡಿನಲ್ಲಿ ಎಳನೀರು ಎರಡು ಇಳಿಯಿತು. ಕೈ ಖಾಲಿ, ಎದೆ ಖಾಲಿ. ಎಷ್ಟು ದಿನದ ಮೇಲೆ ಎದೆ ಖಾಲಿಯಾಗಿತ್ತು! ಅಂಗಡಿಗೆ ಬಂದವನೇ ನಿನ್ನ ಸ್ಟೂಲಿನ ಮೇಲೆ ಕೂತು ಆ ಪೆಂಡುಲಂ ಒಂದೇ ಸಲಕ್ಕೆ ಸಿಕ್ಕಿಸಿದೆ.

ಹದಿನೈದು ದಿನ ಕಳೆದು ಫೋನು ಬಂತು. "ನಾನು ಮುದ್ದೆ ಬೇಯೋದು, ಹಾಲು ಉಕ್ಕೋದು, ದೇವಸ್ಥಾನಕ್ಕೆ ನಡೆಯೋದು ಎಲ್ಲ ಆ ಗುಂಡಿ ಒತ್ತಿ ಅಳೆದಾಯ್ತು ಕಣೋ. ಗೋಪುರದ ಹತ್ರ ಹೋಗೋಕೆ ನನ್ನ ಮಂಡಿಗೆ ಹನ್ನೊಂದು ನಿಮಿಷ ಬೇಕು. ಇನ್ನೇನು ಅಳೆಯೋದಿದೆ? ಬಂದು ತಗೊಂಡು ಹೋಗು." ಇಟ್ಟುಕೊಳ್ಳಿ ಮೇಡಂ, ನಿಮ್ಮದು ಎಂದೆ. "ನಿಂತಿದ್ದನ್ನ ಕೊಡೋಕೆ ಅವ್ರನ್ನೇ ಕಳಿಸಿಕೊಟ್ಟಂಗೆ ಸಂಕಟ ಆಗ್ತಿತ್ತು. ಈಗ ಓಡ್ತಿದೆ, ಕೊಡಬಹುದು" ಎಂದರು. ಬೆಲೆಯ ಮಾತಿಗೆ ನಾನು ಒಂದು ಹೇಳಿದೆ, ಅವರು ಅದಕ್ಕಿಂತ ಕಡಿಮೆ ಹೇಳಿದರು. ಕೊಳ್ಳುವವನು ಏರಿಸುವುದು, ಮಾರುವವರು ಇಳಿಸುವುದು, ಇಂಥ ಚೌಕಾಸಿ ನಮ್ಮ ಅಂಗಡಿಯಲ್ಲಿ ನೀನೂ ನೋಡಿರಲಿಕ್ಕಿಲ್ಲ. ನಡುವೆ ಎಲ್ಲೋ ಒಂದು ಕಡೆ ನಿಂತೆವು. ಅದಕ್ಕಾಗಿ ಬೈಕು ಮಾರಿದೆ. ಬಸ್ಸಿನಲ್ಲಿ, ಕಿಟಕಿ ಪಕ್ಕ, ಶರ್ಟಿನ ತೋಳಿನೊಳಗೆ ವಾಚು ಮುಚ್ಚಿಕೊಂಡು ಅರಸೀಕೆರೆಗೆ ಬಂದೆ. ಈಗ ನಡೆದೇ ಓಡಾಡುತ್ತೇನೆ. ನಾನು ಊರು ಬಿಟ್ಟು ಓಡಿಹೋಗುವ ಯೋಚನೆಗೂ ಸ್ವಲ್ಪ ಕಷ್ಟವಾಗಿದೆ.

ಈ ಭಾನುವಾರ ಮೇಡಂ ನಮ್ಮ ಅಂಗಡಿಗೆ ಬರುತ್ತಾರಂತೆ. ಮೂವತ್ತು ವರ್ಷದ ಸಂಸಾರದಲ್ಲಿ ಅದರ ಒಳಗೇನಿದೆ ಎಂದು ಒಮ್ಮೆಯೂ ನೋಡಿಲ್ಲವಂತೆ, ಬಿಚ್ಚುವಾಗ ಪಕ್ಕದಲ್ಲಿ ಕೂರಬೇಕಂತೆ. ಒಳಗಿನ ಎಣ್ಣೆ ಒಣಗಿರುತ್ತದೆ, ಬಿಚ್ಚಿ ತೊಳೆಯಲೇಬೇಕು. ಇಂಥ ವಾಚಿನ ಬೆನ್ನು ನಾನು ಇದುವರೆಗೆ ತೆಗೆದಿಲ್ಲ, ಇದನ್ನು ಅವರಿಗೆ ಆಗಲೇ ಹೇಳಿದ್ದೇನೆ. "ನಾನೂ ನೋಡಿಲ್ಲ, ಇಬ್ರೂ ಒಂದೇ ಕ್ಲಾಸು" ಎಂದರು. ನೆಲದ ಮೇಲೆ ಬಿಳಿ ಪಂಚೆ ಹಾಸುತ್ತೇನೆ ದೊಡ್ಡಪ್ಪ. ಯಾವುದಾದರೂ ಸ್ಕ್ರೂ ಹಾರಿದರೆ, ಹಾರಿತು ಎಂದು ಆಗಲೇ ಬಾಯಿಬಿಟ್ಟು ಹೇಳುತ್ತೇನೆ. ಇಬ್ಬರೂ ಮಂಡಿಯೂರಿ ಹುಡುಕುತ್ತೇವೆ.

ನಿನ್ನ
ಚಂದ್ರು