ಅರವತ್ತನಾಲ್ಕು ಕೆ ಗಡಿ

ನವೆಂಬರ್ 4, ಸೋಮವಾರ. ಬೆಳಿಗ್ಗೆ 9.10

ಗ್ದಾನ್ಸ್ಕ್ ಆಫೀಸು, ಮೂರನೇ ಮಹಡಿ. ಹೀಟರ್ ಇನ್ನೂ ಹಾಕಿಲ್ಲ. ಕೋಟು ಬಿಚ್ಚದೆ ಕೂತಿದ್ದೇನೆ. ಸಹೋದ್ಯೋಗಿ ತಿಮೆಕ್‌ನ ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ಬಂದಿದೆ. ಓದಿ ಒಪ್ಪಿಗೆ ಕೊಡಬೇಕಾದವಳು ನಾನು. ಅವನೇ ನನ್ನ ಹೆಸರು ಹಾಕಿದ್ದಾನೆ.

ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ ತಂತ್ರಾಂಶಕ್ಕೆ ಎಂಟು ವರ್ಷದ ಹಿಂದೆ ನಾನು ಬರೆದ ನಿಯಮ ಒಂದಿದೆ. ಕಾರ್ಡಿನ ಮೆಮೊರಿಯ ಪ್ರತಿ ತುಂಡೂ ಅರವತ್ತನಾಲ್ಕು ಕೆ, ಅಂದರೆ ಕಿಲೋಬೈಟ್, ಗಡಿಯಿಂದಲೇ ಶುರುವಾಗಬೇಕು, ತುಂಡು ಎಷ್ಟೇ ಚಿಕ್ಕದಿರಲಿ. ಅವನು ಅದನ್ನು ನಾಲ್ಕು ಕೆಗೆ ಇಳಿಸಿದ್ದಾನೆ. ಶೇಕಡಾ ಹನ್ನೊಂದು ಮೆಮೊರಿ ಉಳಿಯುತ್ತದಂತೆ. ವಿವರಣೆಯ ಕೊನೆಯ ಸಾಲು: "ಈ ನಿಯಮಕ್ಕೆ ಕಾರಣ ಯಾರಿಗೂ ನೆನಪಿಲ್ಲ."

ನನಗೆ ನೆನಪಿದೆ. ಅವನ ಕುರ್ಚಿಯಿಂದ ನನ್ನ ಕುರ್ಚಿಗೆ ಎರಡು ಮೀಟರ್. ಕೇಳಲಿಲ್ಲ.

11.40

ಇನ್ನೂರ ಹನ್ನೆರಡನೇ ಸಾಲು. ಅಲ್ಲೇ ಎಡವಿದ್ದಾನೆ. ಕಾಮೆಂಟ್ ಬರೆದೆ:

"ಕಾರ್ಡಿಗೆ ಎರಡು ಅಳತೆಯ ಪುಟಗಳು. ಸಣ್ಣದು ನಾಲ್ಕು ಕೆ. ದೊಡ್ಡದು ಅರವತ್ತನಾಲ್ಕು, ಅಂದರೆ ಹದಿನಾರು ಸಣ್ಣವು. ಯಾವ ಪುಟ ಎಲ್ಲಿದೆ ಎಂದು ಹೇಳುವ ಕೋಷ್ಟಕ ಒಂದರಲ್ಲಿ ಒಂದೇ ಅಳತೆ ಇರಬೇಕು. ಬೆರೆತರೆ ಕಾರ್ಡು ಮೊದಲ ಪುಟದ ವಿಳಾಸ ಹಿಡಿದು ಹದಿನಾರನ್ನೂ ಅಲ್ಲಿಂದಲೇ ಓದಿಬಿಡುತ್ತದೆ. ತಪ್ಪು ಎನ್ನುವುದಿಲ್ಲ, ನಿಲ್ಲುವುದೂ ಇಲ್ಲ. ಅಲ್ಲಿ ಹಳೆಯ ಚಿತ್ರ ಇದ್ದರೆ ಹಳೆಯದನ್ನೇ ತೋರಿಸುತ್ತದೆ. ನಿನ್ನ ಪ್ಯಾಚ್ ಎರಡನ್ನೂ ಬೆರೆಸುತ್ತದೆ."

ಸುಮ್ಮನೆ ಹೇಳಿದ್ದಲ್ಲ. ಎರಡು ಅಳತೆಗಳನ್ನು ಬೇಕೆಂದೇ ಬೆರೆಸುವ ಸಣ್ಣ ಟೆಸ್ಟ್ ಬರೆದು ಲ್ಯಾಬಿನ ಯಂತ್ರದಲ್ಲಿ ಓಡಿಸಿದೆ. ಪರದೆಯ ಮೇಲೆ ಒಂದು ಪಟ್ಟಿ ಮಾತ್ರ ಹಿಂದಿನ ಚಿತ್ರದ್ದಾಗಿ ಉಳಿಯಿತು. ಚುಕ್ಕೆಯಿಲ್ಲ, ಗೀಚಿಲ್ಲ. ಶುದ್ಧ. ಟೆಸ್ಟಿನ ದಾಖಲೆ, ಅಂದರೆ ಲಾಗ್, ಲ್ಯಾಬಿನಲ್ಲಿದೆ. ನನ್ನ ಹೆಸರು, ವೇಳೆ 11.22.

ಆಮೇಲೆ ಅಕ್ಟೋಬರಿನಲ್ಲಿ ನನ್ನ ಪ್ಯಾಚ್‌ಗೆ ಅವನು ಹಾಕಿದ ಕಾಮೆಂಟುಗಳನ್ನು ತೆರೆದು ನೋಡಿದೆ. ನಲವತ್ತಮೂರು. ಅದರಲ್ಲಿ ಹತ್ತೊಂಬತ್ತು ಬರೀ ಕೋಡಿನ ಸಾಲುಗಳಲ್ಲಿ ಬಿಟ್ಟ ಖಾಲಿ ಜಾಗದ ಬಗ್ಗೆ. ಮೀಟಿಂಗಿನಲ್ಲಿ ಹೇಳಿದ್ದು: "ವಾಂದಾ ಮೇಡಂ ಕೋಡ್ ಓದೋದಂದ್ರೆ ಅಜ್ಜಿ ಬೀರು ಕ್ಲೀನ್ ಮಾಡ್ದಂಗೆ. ಬಿಸಾಕಿದ್ರೆ ಅಳ್ತಾರೆ, ಇಟ್ಕೊಂಡ್ರೆ ಜಾಗ ಇಲ್ಲ." ಎಲ್ಲರೂ ನಕ್ಕರು. ಮ್ಯಾನೇಜರ್ ಬೊಜೆನಾ ಕೂಡ.

ಈಗಷ್ಟೇ ಬರೆದ ನನ್ನ ಕಾಮೆಂಟ್ ಅಳಿಸಿದೆ. ಬದಲಿಗೆ ಹಾಕಿದ್ದು: "ಓದಿದ್ದೇನೆ. ಸರಿಯಿದೆ. ವಾಂದಾ ಕುಲಿಗೋವ್ಸ್ಕಾ."

ನಾಳೆ ಬೆಳಗಾಗುವುದರೊಳಗೆ ಅರವತ್ತು ಟೆಸ್ಟ್ ಯಂತ್ರಗಳೂ ಫೇಲ್ ಎಂದು ಕೆಂಪಾಗುತ್ತವೆ. ಎಲ್ಲರೆದುರು. ಆಗಲಿ.

ನವೆಂಬರ್ 5, ಮಂಗಳವಾರ

ಅರವತ್ತೂ ಹಸಿರು.

ಲ್ಯಾಬಿನ ಯಂತ್ರಗಳಿಗೆ ತಲಾ ಒಂದೇ ಪರದೆ. ಮೆಮೊರಿ ತುಂಬುವುದೇ ಇಲ್ಲ. ಎರಡು ಅಳತೆಗಳು ಒಂದು ಕೋಷ್ಟಕಕ್ಕೆ ಬರುವ ಪ್ರಸಂಗವೇ ಇಲ್ಲ. ಇದು ಹೊಳೆಯಬೇಕಿತ್ತು.

ತಿಮೆಕ್ ಎಲ್ಲರಿಗೂ ಗಸಗಸೆ ಬನ್ನು ತಂದ. ನನ್ನ ಮೇಜಿನ ಮೇಲೂ ಒಂದಿಟ್ಟ.
"ಏನ್ ಮೇಡಂ, ಒಂದು ಕಾಮೆಂಟೂ ಇಲ್ಲ? ಹುಷಾರಿದೀರಾ ತಾನೆ?"
"ಹೇಳೋಕೇನೂ ಇರಲಿಲ್ಲ."
"ಅಯ್ಯೋ, ಇದನ್ನ ಫ್ರೇಮ್ ಹಾಕಿಸಬೇಕು!"

ಬನ್ನು ಕಸದ ಬುಟ್ಟಿಗೆ.

ನವೆಂಬರ್ 6

ಒಪ್ಪಿಗೆ ಹಿಂತೆಗೆಯಲು ಒಂದು ಗುಂಡಿ ಒತ್ತಿದರೆ ಸಾಕು. ಒತ್ತಿದರೆ "ಯಾಕೆ?" ಎಂದು ಕೇಳುತ್ತಾನೆ. ಎರಡು ಸಲ ಪುಟ ತೆರೆದೆ. ಎರಡು ಸಲ ಮುಚ್ಚಿದೆ. ನಮ್ಮ ಡ್ರೈವರ್ ಬಳಸಿ ನೋಡುತ್ತಿರುವ ಬಂದರಿಗೆ ಹೋಗುವುದು ಪ್ರಯೋಗದ ಆವೃತ್ತಿ ಅಷ್ಟೇ…

ಟ್ರಾಮಿನಲ್ಲಿ ಪೋರ್ಚುಗೀಸ್ ಕಾದಂಬರಿ. ಅನುವಾದ ಚೆನ್ನಾಗಿದೆ. ಏನು ಓದಿದೆನೋ ನೆನಪಿಲ್ಲ.

ನವೆಂಬರ್ 19, ಮಂಗಳವಾರ

ಬೊಜೆನಾ ಬೆಳಿಗ್ಗೆಯೇ ಕರೆದಳು. ನಿನ್ನೆ ಬಂದರಿನಲ್ಲಿ ಅಪಘಾತ.

ಅಲ್ಲಿ ಕ್ರೇನನ್ನು ಈಗ ದೂರದ ಕೋಣೆಯಿಂದ ನಡೆಸುತ್ತಾರೆ. ನಾಲ್ಕು ಪರದೆ, ನಮ್ಮ ಕಾರ್ಡು, ನಮ್ಮ ಡ್ರೈವರ್. ಕಂಟೇನರ್ ಕೆಳಗಿಳಿಸುವಾಗ ಅಡಿಯಲ್ಲಿ ಒಬ್ಬನಿದ್ದ. ಕೊಕ್ಕೆ ಬಿಗಿಯುವ ಸೆವೆರಿನ್. ಕೊನೇ ಗಳಿಗೆಯಲ್ಲಿ ಹಾರಿದ. ಕಾಲಿನ ಮೂಳೆ ಎರಡು ಕಡೆ ಮುರಿದಿದೆ. ಬದುಕಿದ್ದಾನೆ. ಪ್ರಯೋಗ ನಿಲ್ಲಿಸಿದ್ದಾರೆ.

ಕ್ರೇನಿನವನು ಹೇಳುವುದು: ಪರದೆಯಲ್ಲಿ ಮನುಷ್ಯನೇ ಇರಲಿಲ್ಲ. ರೆಕಾರ್ಡರ್ ತೋರಿಸುವುದು: ಮನುಷ್ಯ ಇದ್ದಾನೆ, ಕಿತ್ತಳೆ ಬಣ್ಣದ ಜಾಕೆಟ್, ಎದ್ದು ಕಾಣುತ್ತಾನೆ.

"ಪಾಪ, ನೋಡಿರಲ್ಲ ಅಷ್ಟೇ," ಎಂದಳು ಬೊಜೆನಾ.

ರೆಕಾರ್ಡರ್‌ಗೆ ಚಿತ್ರ ಕ್ಯಾಮೆರಾದಿಂದ ನೇರ ಹೋಗುತ್ತದೆ. ನಮ್ಮ ಕಾರ್ಡನ್ನು ಮುಟ್ಟುವುದೇ ಇಲ್ಲ. ಇದು ಅವಳಿಗೆ ಗೊತ್ತಿಲ್ಲ. ನಾನು ಹೇಳಲಿಲ್ಲ.

ನವೆಂಬರ್ 20, ಬುಧವಾರ. ಮಧ್ಯಾಹ್ನ 2.30

ಬಂದರಿಗೆ ಹೋಗಿ ಬಂದೆವು, ತಿಮೆಕ್ ಮತ್ತು ನಾನು. ಕ್ರೇನಿನವನ ಹೆಸರು ಗೆನೆಕ್. ಐವತ್ತೆಂಟು ವರ್ಷ. ಕೆಲಸದಿಂದ ಇಳಿಸಿದ್ದಾರೆ, ಆದರೂ ಇಸ್ತ್ರಿ ಮಾಡಿದ ಶರ್ಟ್ ಹಾಕಿ ಬಂದಿದ್ದ. ಕುಡಿದಿದ್ದನೇ ಎಂದು ರಕ್ತ ಕೂಡ ತೆಗೆದಿದ್ದಾರಂತೆ.

"ಇಪ್ಪತ್ತಾರು ವರ್ಷ ಆಯ್ತು ನಾನು ಕ್ರೇನಲ್ಲಿ," ಎಂದ. "ಕೇಬಲ್ ಕೆಟ್ರೆ ಪರದೆ ಮೇಲೆ ಇರುವೆ ಮುತ್ತಿದಂಗೆ ಬರುತ್ತೆ. ಇದು ಹಂಗಲ್ಲ. ಎಡಗಡೆ ಕೆಳಗಿನ ಪರದೆ, ಇಷ್ಟಗಲ. ನೆಲ ಕ್ಲೀನಾಗಿ ಕಾಣ್ತಿತ್ತು. ಸೆವೆರಿನ್ ಬರೋಕ್ ಮುಂಚೆ ಹೆಂಗಿತ್ತೋ ಹಂಗೇ."
"ನೆನ್ನೆ ಮೊನ್ನೆದೆಲ್ಲ ಕಾಣುತ್ತಾ ಅಣ್ಣ, ನಿಮ್ಮ ಪರದೇಲಿ?" ತಿಮೆಕ್ ನಕ್ಕ.
ಗೆನೆಕ್ ಅವನನ್ನು ನೋಡಲಿಲ್ಲ. ನನ್ನ ಕಡೆ ತಿರುಗಿದ. "ತಾಯಿ, ನೀವು ಹೇಳಿ. ಹಂಗಾಗುತ್ತಾ?"

ಹೇಳಬಾರದಿತ್ತು, ಹೇಳಿದೆ. "ಒಳಗೆ ಎರಡು ಅಳತೆಯ ಪುಟಗಳಿವೆ. ಬೆರೀಬಾರದು. ಬೆರೆತ್ರೆ ಹಳೇ ಚಿತ್ರ ಕಾಣಬಹುದು."
"ಅಷ್ಟೇನಾ? ನಲವತ್ತಡಿ ಪೆಟ್ಟಿಗೆ ಮೇಲೆ ಇಪ್ಪತ್ತಡಿದು ಎರಡು ಇಡೋಹಾಗಿಲ್ಲ. ನಡೂಮಧ್ಯೆ ಕಂಬ ಇರಲ್ಲ, ಮೂಲೆ ಕೂರಲ್ಲ. ನಮ್ಮಲ್ಲಿ ಮೊದಲನೇ ದಿನಾನೇ ಹೇಳ್ಕೊಡ್ತಾರೆ. ಸರಿ, ಬೆರೆತಿದೆಯಾ?"
"ಇಲ್ಲ," ಎಂದ ತಿಮೆಕ್. "ಅದೆಲ್ಲ ಚೆಕ್ ಆಗಿದೆ. ಇವರೇ ಮಾಡಿದ್ದು."
"ಹೌದಾ ತಾಯಿ?"
"ಹೌದು," ಎಂದೆ. "ಓದಿದ್ದೇನೆ."

ಸುಳ್ಳಲ್ಲ. ಓದಿದ್ದೇನೆ.

ನವೆಂಬರ್ 25, ಸೋಮವಾರ

ಮೂರು ದಿನ ಬರೆಯಲಾಗಲಿಲ್ಲ, ನಾಲ್ಕು ದಿನ.

ಇವತ್ತು ಪ್ಯಾಚ್ ಕಳಿಸಿದೆ. ಗಡಿಯನ್ನು ಮತ್ತೆ ಅರವತ್ತನಾಲ್ಕು ಕೆ ಮಾಡುವುದು. ಕಾರಣ: "ಮುನ್ನೆಚ್ಚರಿಕೆ." ಹತ್ತು ನಿಮಿಷದಲ್ಲಿ ತಿಮೆಕ್‌ನ ಉತ್ತರ, ಎಲ್ಲರಿಗೂ ಕಾಣುವಂತೆ: "ಕೆಡುವ ಒಂದು ಉದಾಹರಣೆ ತೋರಿಸಿ. ಭಯ ಕಾರಣವಲ್ಲ. ಮೂರು ವಾರದ ಹಿಂದೆ ಸರಿ ಎಂದವರು ನೀವೇ." ತಿರಸ್ಕೃತ.

ಆಮೇಲೆ ಕಾಫಿ ಯಂತ್ರದ ಹತ್ತಿರ ಸಿಕ್ಕ. "ಮೇಡಂ, ಆ ಮುದುಕನ ಮೇಲೆ ಕನಿಕರ ಇದ್ರೆ ಹೂವು ಕಳಿಸಿ. ನನ್ನ ಕೋಡ್ ಮೇಲೆ ಯಾಕೆ?"

ಲೋಟ ಅವನ ಮುಖಕ್ಕೆ ಎಸೆಯಬಹುದಿತ್ತು. ತೊಳೆದು ಇಟ್ಟೆ.

ನವೆಂಬರ್ 27, ಬುಧವಾರ. ಬೆಳಿಗ್ಗೆ 10

ದಾರಿಯೊಂದು ಹೊಳೆದಿದೆ. ಇವತ್ತೇ ಹೊಸ ಟೆಸ್ಟ್ ಬರೆದು "ಈಗ ಸಿಕ್ಕಿತು" ಎನ್ನುವುದು. ಗೆನೆಕ್ ಉಳಿಯುತ್ತಾನೆ. ತಿಮೆಕ್ ಹೋಗುತ್ತಾನೆ. ನನಗೆ ಅವಸರದಲ್ಲಿ ಒಪ್ಪಿಗೆ ಕೊಟ್ಟ ಅಪವಾದ ಮಾತ್ರ. ಅದು ಎಲ್ಲರಿಗೂ ಆಗುತ್ತದೆ. ಹಳೆಯ ಚಿತ್ರದ ಆ ಪಟ್ಟಿಯನ್ನು ಕಂಡುಹಿಡಿದವಳೂ ನಾನೇ ಆಗುತ್ತೇನೆ.

ಬರೆಯುವಾಗ ಕೈ ಹಗುರವಾಗಿತ್ತು. ಅದನ್ನು ಗಮನಿಸಿದೆ.

ಮಧ್ಯಾಹ್ನ 3

ಬಂದರಿನ ವಿಚಾರಣಾ ಸಮಿತಿಗೆ ಫೋನ್ ಮಾಡಿದೆ. ಹೆಂಗಸೊಬ್ಬರು, ದಣಿದ ಧ್ವನಿ.
"ನೋಡಿ, ಅಪಘಾತ ಆದಮೇಲೆ ಮಾಡಿದ ಟೆಸ್ಟ್ ಅಂದ್ರೆ ನಾನೇನು ಮಾಡಲಿ? ಕ್ಯಾಮೆರಾ ಕಂಪನಿಯವರೂ ಒಂದು ಟೆಸ್ಟ್ ತಂದಿದ್ದಾರೆ, ನಿಮ್ಮ ಮ್ಯಾನೇಜರೂ ಒಂದು ಕಳಿಸಿದ್ದಾರೆ. ಎಲ್ಲರದ್ದೂ ಅವರವರಿಗೆ ಅನುಕೂಲವಾಗೇ ಇದೆ. ಕ್ರೇನ್ ಕೋಣೆಯ ಯಂತ್ರವನ್ನ ಆಗಲೇ ಅಳಿಸಿ ಹೊಸದಾಗಿ ಹಾಕಿಬಿಟ್ಟಿದ್ದಾರೆ. ಹದಿನೆಂಟನೇ ತಾರೀಖಿಗೆ ಮುಂಚಿನದು ಏನಾದ್ರೂ ಇದೆಯಾ?"
"ಯಾಕೆ?"
"ಮುಂಚಿನದಾದ್ರೆ ಯಾರನ್ನೋ ಬಿಡಿಸೋಕೆ ಮಾಡಿದ್ದು ಅಂತ ಯಾರೂ ಹೇಳೋಹಾಗಿಲ್ಲ. ಶುಕ್ರವಾರ ಹತ್ತಕ್ಕೆ ಗೆನೆಕ್ ಅವರು ಬರ್ತಾರೆ. ಅಜಾಗರೂಕತೆ ಅಂತ ಒಪ್ಪಿ ಸಹಿ ಹಾಕ್ತೀನಿ ಅಂದಿದ್ದಾರೆ, ಕೋರ್ಟು ಬೇಡವಂತೆ. ಸಹಿ ಬಿದ್ದಮೇಲೆ ಕ್ರೇನ್ ಲೈಸೆನ್ಸ್ ಇರಲ್ಲ."

ಇಲ್ಲ ಎಂದೆನೋ, ನೋಡುತ್ತೇನೆ ಎಂದೆನೋ. ಫೋನ್ ಇಟ್ಟೆ.

ಮುಂಚಿನದು ಒಂದೇ ಇದೆ. ನವೆಂಬರ್ 4, 11.22. ಅದರ ಪಕ್ಕದಲ್ಲೇ ನನ್ನ ಒಪ್ಪಿಗೆ, 11.38. ಹದಿನಾರು ನಿಮಿಷ. ಓದಲು ಬಂದವರಿಗೆಲ್ಲ ಅರ್ಥವಾಗುತ್ತದೆ. ತಿಮೆಕ್‌ಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ನವೆಂಬರ್ 28, ಗುರುವಾರ. ಸಂಜೆ 4.50

ಬೆಳಗಿನಿಂದ ತಿಮೆಕ್ ಯಾವುದೋ ಹಾಡು ಗುನುಗುತ್ತಿದ್ದಾನೆ. ಅವನ ಬಗ್ಗೆ ನನ್ನ ಮನಸ್ಸು ಒಂದಿಷ್ಟೂ ಮೆತ್ತಗಾಗಿಲ್ಲ. ದಡ್ಡ, ಸೊಕ್ಕಿನವನು. ನವೆಂಬರ್ 4ರ ಲಾಗ್ ಹೊರಬಂದರೆ ಅವನು ದಡ್ಡ ಮಾತ್ರ ಆಗಿ ಉಳಿಯುತ್ತಾನೆ. ನನ್ನಿಂದ ಮೋಸಹೋದವನೂ ಆಗುತ್ತಾನೆ. ಅವನನ್ನು ನೋಡಿ ಜನ ಅಯ್ಯೋ ಪಾಪ ಎನ್ನುತ್ತಾರೆ.

ಲಾಗ್ ಮುದ್ರಿಸಿದೆ. ಏಳು ಹಾಳೆ. ಒಪ್ಪಿಗೆಯದು ಎಂಟನೆಯದು. ಅದೊಂದನ್ನು ಬಿಟ್ಟು ಉಳಿದವನ್ನು ಕೊಡಬಹುದೇ ಎಂದು ಅರ್ಧ ಗಂಟೆ ಯೋಚಿಸಿದೆ. ಬಿಟ್ಟರೆ, ಅಂದೇ ಗೊತ್ತಿದ್ದರೆ ಯಾಕೆ ತಡೆಯಲಿಲ್ಲ ಎಂದು ಮೊದಲ ಪ್ರಶ್ನೆ ಕೇಳುತ್ತಾರೆ. ಗೆನೆಕ್ ಎದುರು ಕೂತಿರುತ್ತಾನೆ. ಅವನೆದುರು ಇನ್ನೊಂದು ಸಲ "ಓದಿದ್ದೇನೆ" ಎನ್ನಲಾರೆ.

ಎಂಟೂ ಕೊಡುತ್ತೇನೆ. ಮೇಲ್ ಮಾಡುವುದಿಲ್ಲ, ಬೊಜೆನಾಗೆ ಪ್ರತಿ ಹೋಗುತ್ತದೆ, ಅವಳು ವಕೀಲರನ್ನು ಕರೆಯುತ್ತಾಳೆ. ಕೈಯಾರೆ ಕೊಡಬೇಕು, ಅವನು ಸಹಿ ಹಾಕುವ ಮೊದಲು. ತಿಮೆಕ್‌ಗೆ ಹೇಳುವುದಿಲ್ಲ. ಅಷ್ಟು ನನ್ನ ಪಾಲಿಗಿರಲಿ.

ಬಂದರಿನ ಗೇಟು ಏಳೂವರೆಗೆ ತೆರೆಯುತ್ತದೆ. ಆರು ನಲವತ್ತರ ಟ್ರಾಮ್ ಹಿಡಿದರೆ ಗೆನೆಕ್‌ಗಿಂತ ಮೊದಲೇ ಅಲ್ಲಿರುತ್ತೇನೆ.